ಮಾತು ಬರೆಯುವ ಮುಂಚೆ ಕೈಗೊಂದು ಕೆಲಸ

ಕಥೆಯಲ್ಲಿ ಇಬ್ಬರನ್ನು ಎದುರುಬದುರು ಕೂರಿಸಿ ಮಾತಾಡಿಸಿದರೆ ಆ ಮಾತು ಬೇಗ ಭಾಷಣವಾಗುತ್ತದೆ. ಮನಸ್ಸಿನಲ್ಲಿ ಇರುವುದನ್ನೆಲ್ಲ ಬಿಡಿಸಿ ಹೇಳಿಬಿಡುತ್ತಾರೆ. ನಮ್ಮ ಮಂಡ್ಯ ಕಡೆ ಯಾರು ಹಾಗೆ ಮಾತಾಡ್ತಾರೆ ಹೇಳಿ? ಇಲ್ಲಿ ದೊಡ್ಡ ದೊಡ್ಡ ಮಾತುಗಳೂ ಕೆಲಸದ ನಡುವೆಯೇ ಆಗಿಹೋಗುತ್ತವೆ. ಅದಕ್ಕೇ ನಾನು ಸಂಭಾಷಣೆ ಬರೆಯುವ ಮುಂಚೆ ಪಾತ್ರದ ಕೈಗೊಂದು ಕೆಲಸ ಕೊಡುತ್ತೇನೆ.

ಒಂದು ಕಥೆಯಲ್ಲಿ ಮಗಳು ಅಪ್ಪನ ಹತ್ತಿರ ಹಾಸ್ಟೆಲ್ ದುಡ್ಡು ಕೇಳಬೇಕಿತ್ತು. ಅಪ್ಪನನ್ನು ಆಲೆಮನೆಯಲ್ಲಿ ನಿಲ್ಲಿಸಿದೆ. ಬರೆಯುವ ಮೊದಲು ಪಕ್ಕದೂರಿನ ಆಲೆಮನೆಗೆ ಹೋಗಿ ಸುಮ್ನೆ ಕೂತು ನೋಡಿದೆ. ಗಾಣದಲ್ಲಿ ಹಿಂಡಿದ ಕಬ್ಬಿನ ಹಾಲು ಕೊಪ್ಪರಿಗೆಗೆ ಬರುತ್ತದೆ. ಒಲೆಗೆ ಒಣಗಿದ ಕಬ್ಬಿನ ಸಿಪ್ಪೆ ತಳ್ಳುತ್ತಲೇ ಇರಬೇಕು. ಸುಣ್ಣ ಹಾಕಿ, ಮೇಲೆ ಬಂದ ಕೊಳೆ ತೆಗೆಯಬೇಕು. ಇಷ್ಟು ಹೊತ್ತು ಮಾತಿಗೆ ಬಿಡುವಿದೆ. ಪಾಕ ಬಂತು ಅಂದ್ರೆ ಮುಗೀತು. ತಡವಾದರೆ ಬೆಲ್ಲ ಸೀಯುತ್ತದೆ, ಆಗ ಯಾರ ಮಾತಿಗೂ ಯಾರೂ ನಿಲ್ಲುವುದಿಲ್ಲ.

ಅಲ್ಲೇ ನನಗೆ ಆ ದೃಶ್ಯ ಸಿಕ್ಕಿತು. ಮಗಳು ಪಾಕ ಬರುವುದರೊಳಗೆ ಕೇಳಿಬಿಡಬೇಕು. ಅಪ್ಪನಿಗೆ ಪಾಕ ಬೇಗ ಬಂದರೆ ಸಾಕು.

“ಅಪ್ಪಾ, ಸೋಮವಾರದೊಳಗೆ ದುಡ್ಡು ಕಟ್ಬೇಕಂತೆ.”

“ಕಟ್ಟೆ ಇನ್ನೂ ತೊಂಬತ್ತು ಅಡಿ ದಾಟಿಲ್ಲ ಕನವ್ವ.”

ಅಪ್ಪ ‘ಇಲ್ಲ’ ಅಂದಿಲ್ಲ. ಆದರೆ ಕನ್ನಂಬಾಡಿ ಕಟ್ಟೆ, ಅಂದ್ರೆ ಕೆಆರ್‌ಎಸ್ ಅಣೆಕಟ್ಟು, ತುಂಬುವುದು 124.80 ಅಡಿಗೆ ಎಂದು ಇಲ್ಲಿನ ಮಕ್ಕಳಿಗೂ ಗೊತ್ತು. ಆಷಾಢದಲ್ಲೂ ತೊಂಬತ್ತು ಅಂದ್ರೆ ನಾಲೆ ನೀರಿನ ಮೇಲೆ ನಂಬಿಕೆ ಇಲ್ಲ, ಬೆಳೆಯ ಮೇಲೂ ಇಲ್ಲ. ಮಗಳಿಗೆ ಉತ್ತರ ಸಿಕ್ಕಿತು. ಹೊರಗಿನ ಓದುಗರಿಗೆ ಅಡಿಯ ಲೆಕ್ಕ ತಿಳಿಯದೇ ಇರಬಹುದು. ಕೇಳಿದ್ದಕ್ಕೆ ನೇರ ಉತ್ತರ ಬರಲಿಲ್ಲ ಅನ್ನುವುದು ಅವರಿಗೂ ತಿಳಿಯುತ್ತದೆ, ಅಷ್ಟು ಸಾಕು. ನೀವು ಮೀನುಗಾರರ ಬಗ್ಗೆ ಬರೆಯಿರಿ, ಬ್ಯಾಂಕಿನವರ ಬಗ್ಗೆ ಬರೆಯಿರಿ, ಆ ಜನಕ್ಕೆ ಯಾವ ಲೆಕ್ಕದ ಮೇಲೆ ಕಣ್ಣಿರುತ್ತದೆ ಎಂದು ಹುಡುಕಿ. ಅವರ ಸಂಕಟ ಆ ಲೆಕ್ಕದ ಮಾತಿನಲ್ಲೇ ಹೊರಗೆ ಬರುತ್ತದೆ.

ಆಡುಮಾತನ್ನು ಎಷ್ಟು ಬರೆಯಬೇಕು ಅನ್ನೋದು ಇನ್ನೊಂದು ವಿಷಯ. ನಮ್ಮಲ್ಲಿ ‘ಹೋಗು’ ‘ಓಗು’ ಆಗುತ್ತದೆ, ‘ಹಾಲು’ ‘ಆಲು’ ಆಗುತ್ತದೆ. ಕೇಳಿದಂತೆಯೇ ಬರೆದರೆ ಧಾರವಾಡದ ಓದುಗರು ಅಕ್ಷರ ಬಿಡಿಸುತ್ತ ಕೂರಬೇಕು. ಹಾಗಾಗಿ ‘ಹ’ ಉಳಿಸಿಕೊಳ್ಳುತ್ತೇನೆ. ಆದರೆ ಕನವ್ವ, ಬತ್ತೀನಿ, ಏನ್ಲಾ, ಇವನ್ನು ಯಾರು ಹೇಳಿದರೂ ಬಿಡುವುದಿಲ್ಲ. ಮಂಡ್ಯದ ಧಾಟಿ ಇರುವುದೇ ಅಲ್ಲಿ.

ಬರೆದಾದ ಮೇಲೆ ತಂಗಿ ಕೈಗೆ ಕೊಟ್ಟು ಗಟ್ಟಿಯಾಗಿ ಓದಿಸುತ್ತೇನೆ. ನಾನೇ ಓದಿದರೆ ಹಾಳೆಯಲ್ಲಿ ಇಲ್ಲದ ಏರಿಳಿತವನ್ನೂ ಸೇರಿಸಿ ಓದಿಬಿಡುತ್ತೇನೆ, ಅಲ್ವಾ? ಅವಳು ತಡವರಿಸಿದ ಕಡೆ ಗೆರೆ ಹಾಕುತ್ತೇನೆ. ‘ಇದು ಯಾರ ಮಾತು?’ ಎಂದು ಕೇಳಿದ ಕಡೆ ಮಾತ್ರ ‘ಅಪ್ಪ ಅಂದ’ ಎಂದು ಸೇರಿಸುತ್ತೇನೆ, ಉಳಿದ ಕಡೆ ತೆಗೆಯುತ್ತೇನೆ. ಕೋಪದಿಂದ, ಬೇಸರದಿಂದ ಎಂಬ ಪದಗಳೂ ಹೋಗುತ್ತವೆ. ಆಲೆಮನೆಯ ಕಥೆಯಲ್ಲಿ ‘ಬೇಸರದಿಂದ’ ಇದ್ದ ಜಾಗದಲ್ಲಿ ಅಪ್ಪ ಈಗ ಒಲೆಗೆ ಬೇಕಾದ್ದಕ್ಕಿಂತ ಜಾಸ್ತಿ ಸಿಪ್ಪೆ ತಳ್ಳುತ್ತಾನೆ.