ಹನ್ನೆರಡು ಡಬ್ಬ, ಒಂದು ವರ್ಷದ ದಿನಸಿ

ಹೋದ ತಿಂಗಳು ನಮ್ಮ ವಾರಗಿತ್ತಿ ಮನೆಗೆ ಬಂದಿದ್ದಳು. ಕಾಫಿ ಲೋಟ ಕೆಳಗಿಡುವ ಮೊದಲೇ ಅಟ್ಟದ ಮೇಲಿನ ದಿನಸಿ ಡಬ್ಬಗಳ ಕಡೆ ನೋಡಿದಳು. "ಅಕ್ಕಾ, ಆ ಡಬ್ಬ ಬಿಗಿ ಮಾಡೋದು ಹೇಗೆ ಅಂತ ಒಂಚೂರು ತೋರಿಸಿ" ಅಂದಳು. ಐದಾರು ವರ್ಷದ ಹಿಂದೆ ಒಂದು ನಾಮಕರಣದ ಮನೆಯಲ್ಲಿ "ನಮ್ಮಕ್ಕ ಹುಳಗಳಿಗೆ ವರ್ಷದ ಅನ್ನಸಂತರ್ಪಣೆ ಇಟ್ಟಿದ್ದಾರೆ" ಅಂತ ಎಲ್ಲರನ್ನೂ ನಗಿಸಿದವಳು ಇದೇ ಮಹಾತಾಯಿ. ಅದಕ್ಕೇ ಇದನ್ನು ಬರೆಯೋಣ ಅನ್ನಿಸಿತು.

ನಾವಿರುವುದು ಮೈಸೂರಿನ ಕುವೆಂಪುನಗರದಲ್ಲಿ. ಬಾಡಿಗೆ ಮನೆ, ಎರಡನೇ ಮಹಡಿ, ಐದು ಜನ. ನನ್ನ ತವರು ಪಾಂಡವಪುರದ ಕಡೆ ಹಳ್ಳಿ. ಸುಗ್ಗಿಯಲ್ಲಿ ವರ್ಷಕ್ಕಾಗುವಷ್ಟು ದಿನಸಿ ಒಟ್ಟಿಗೆ ಕೊಂಡರೆ ಅಗ್ಗ ಅನ್ನೋದು ಮನೆ ನಡೆಸುವ ಎಲ್ಲರಿಗೂ ಗೊತ್ತು. ಭತ್ತ ಸಂಕ್ರಾಂತಿ ಹೊತ್ತಿಗೆ, ತೊಗರಿಬೇಳೆ ಜನವರಿ ಕೊನೆಗೆ, ಬ್ಯಾಡಗಿ ಮೆಣಸಿನಕಾಯಿ ಫೆಬ್ರವರಿ ಮಾರ್ಚಿನಲ್ಲಿ, ಹುಣಸೆಹಣ್ಣು ಶಿವರಾತ್ರಿ ಕಳೆದ ಮೇಲೆ. ಕೊಳ್ಳುವುದರಲ್ಲಿ ದೊಡ್ಡ ಜಾಣತನ ಏನಿಲ್ಲ. ಆ ಹೊತ್ತಿಗೆ ಕೈಯಲ್ಲಿ ದುಡ್ಡಿರಬೇಕು, ಕೊಂಡಿದ್ದು ಮುಂದಿನ ಸುಗ್ಗಿವರೆಗೂ ಕೆಡದೆ ಇರಬೇಕು. ನಾನು ಎರಡರಲ್ಲೂ ಮುಗ್ಗರಿಸಿದವಳು.

ಮೊದಲು ದುಡ್ಡಿನ ಕಥೆ. ಮೊದಲ ವರ್ಷ ಹುರುಪು ಜಾಸ್ತಿ. ಎರಡು ಬಳೆ ಅಡ ಇಟ್ಟು 25,000 ತಂದೆ. ಅಕ್ಕಿ, ರಾಗಿ, ಬೇಳೆ, ಮೆಣಸಿನಕಾಯಿ ಎಲ್ಲ ಒಂದೇ ವಾರದಲ್ಲಿ ಬಂದು ಬಿತ್ತು. ಮನೆ ಒಳಗೆ ಕಾಲಿಡೋಕೆ ಜಾಗ ಇಲ್ಲ. ಬಳೆ ಬಿಡಿಸುವಾಗ ಬಡ್ಡಿ ಮೂರು ಸಾವಿರದ ಹತ್ತಿರ ಆಗಿತ್ತು. ಅಗ್ಗಕ್ಕೆ ಕೊಂಡು ಉಳಿಸಿದ್ದರಲ್ಲಿ ಅರ್ಧ ಅಲ್ಲಿಗೇ ಹೋಯಿತು. ಇನ್ನರ್ಧ ಹುಳ ತಿಂದವು, ಅದಕ್ಕೆ ಆಮೇಲೆ ಬರುತ್ತೇನೆ.

ಎರಡನೇ ವರ್ಷ ಚೀಟಿ ಹಾಕಿದೆ. ಜನವರಿಯಲ್ಲಿ ನನ್ನ ಸರದಿ ಅಂತ ಮೊದಲೇ ಮಾತಾಗಿತ್ತು. ನವರಾತ್ರಿ ಮುಗಿದು ಒಂದು ವಾರಕ್ಕೆ ಚೀಟಿ ನಡೆಸುತ್ತಿದ್ದಾಕೆ ರಾತ್ರೋರಾತ್ರಿ ಮನೆ ಖಾಲಿ ಮಾಡಿದ್ದರು. ಓಡಾಡಿ, ಅತ್ತು, ಜಗಳವಾಡಿ ಅರ್ಧ ದುಡ್ಡು ಸಿಕ್ಕಿತು. ನಮ್ಮ ಯಜಮಾನರು ಏನೂ ಅನ್ನಲಿಲ್ಲ. ಸುಮ್ನೆ ನಕ್ಕರು. ಬೈದಿದ್ದರೇ ಎಷ್ಟೋ ವಾಸಿ ಇತ್ತು.

ಈಗ ಮಾಡುವುದು ಬಹಳ ಸಾದಾ ಕೆಲಸ. ಬ್ಯಾಂಕಿನಲ್ಲಿ ತಿಂಗಳಿಗೆ 2,000ದ ಆರ್‌ಡಿ, ಅಂದರೆ ತಿಂಗಳು ತಿಂಗಳು ಕಟ್ಟುವ ಠೇವಣಿ, 12 ತಿಂಗಳಿಗೆ. ಜನವರಿ ಎರಡನೇ ವಾರವೇ ಶುರು ಮಾಡಿದ್ದು, ಹಾಗಾಗಿ ಪ್ರತಿ ಸಂಕ್ರಾಂತಿಗೆ ದುಡ್ಡು ಕೈಗೆ ಬರುತ್ತದೆ. 24,000 ಅಸಲು, ಮೇಲೆ ಎಂಟುನೂರೋ ಒಂಬೈನೂರೋ ಬಡ್ಡಿ. ತಿಂಗಳ ದಿನಸಿಯನ್ನೂ ತಂದು ಈ 2,000ವನ್ನೂ ಕಟ್ಟೋದು ಹೇಗೆ ಅಂತ ಕೇಳುತ್ತೀರಿ ಅಲ್ವಾ? ಒಂದೇ ವರ್ಷದಲ್ಲಿ ಆಗೋಲ್ಲ. ನಾನು ಮೊದಲು ರಾಗಿ, ಹುಣಸೆಹಣ್ಣು ಮಾತ್ರ ವರ್ಷಕ್ಕೆ ಕೊಂಡೆ. ಅವಕ್ಕೆ ತಿಂಗಳು ತಿಂಗಳು ಹೋಗುತ್ತಿದ್ದ ದುಡ್ಡನ್ನು ಆರ್‌ಡಿಗೆ ಸೇರಿಸಿದೆ. ಮರುವರ್ಷ ಬೇಳೆ. ಅದರ ಮುಂದಿನ ವರ್ಷ ಅಕ್ಕಿ. ಪೂರ್ತಿ ಕೈಗೆ ಬರೋಕೆ ಮೂರು ವರ್ಷ ಹಿಡಿಯಿತು.

ಇನ್ನು ಹುಳ.

ಮೊದಲ ವರ್ಷದ ಗೌರಿ ಹಬ್ಬದ ಹಿಂದಿನ ದಿನ. ಒಬ್ಬಟ್ಟಿಗೆ ಅಂತ ದೊಡ್ಡ ಡ್ರಮ್ಮಿನಿಂದ ಎರಡು ಸೇರು ಬೇಳೆ ಮೊರಕ್ಕೆ ಸುರಿದೆ. ಮೇಲೆ ಚಿನ್ನದಂಥ ಬೇಳೆ. ಕೇರುತ್ತಾ ಹೋದಂತೆ ಮೊರದ ಅಂಚಿನಲ್ಲಿ ಹಳದಿ ಹಿಟ್ಟು ನಿಂತಿತು. ಮೊರ ಕೆಳಗಿಟ್ಟು ನೋಡಿದೆ. ಬೇಳೆ ಸುಮ್ಮನೆ ಇದೆ, ಅದರ ನಡುವೆ ಕಂದು ಚುಕ್ಕೆಗಳು ನಡೆಯುತ್ತಿವೆ. ಡ್ರಮ್ಮಿನೊಳಗೆ ಕೈ ಹಾಕಿದರೆ ಮೊಣಕೈ ಆಳದಲ್ಲಿ ಬೆಚ್ಚಗೆ, ಮುಗ್ಗಲು ವಾಸನೆ. ಕಮ್ಮಿ ಅಂದರೂ 15 ಕೆಜಿ ಹೋಯಿತು. ಅಷ್ಟನ್ನೂ ತವರಿನ ಹಸುಗಳ ಪಾಲಿಗೆ ಕಳಿಸಿದೆ. ಬೇವಿನ ಸೊಪ್ಪು ಹಾಕಿರಲಿಲ್ವಾ ಅಂತ ಕೇಳಬೇಡಿ. ಹಾಕಿದ್ದೆ. ಒಣಮೆಣಸಿನಕಾಯಿಯನ್ನೂ ಹಾಕಿದ್ದೆ, ಹರಳೆಣ್ಣೆಯನ್ನೂ ಸವರಿದ್ದೆ. ದಿನಾ ಮುಚ್ಚಳ ತೆಗೆದು ಹಾಕುವ ಡ್ರಮ್ಮಿಗೆ ಬೇವಿನ ಸೊಪ್ಪು ಎಷ್ಟು ಅಂತ ಕಾವಲು ಕಾದೀತು?

ದಾರಿ ಹೊಳೆದಿದ್ದು ತವರಿನ ಹಗೇವಿನಿಂದ. ಈಗ ಮುಚ್ಚಿಹೋಗಿದೆ, ನಾನು ಚಿಕ್ಕವಳಿದ್ದಾಗ ಮನೆ ಮುಂದೆ ಇತ್ತು. ಮೂಟೆಗಟ್ಟಲೆ ರಾಗಿ ನೆಲದೊಳಗೆ ಸುರಿದು, ಬಾಯಿಗೆ ಚಪ್ಪಡಿ ಹಾಕಿ ಮಣ್ಣು ಮುಚ್ಚುತ್ತಿದ್ದರು. ವರ್ಷಗಟ್ಟಲೆ ಕೆಡುತ್ತಿರಲಿಲ್ಲ. ತೆಗೆಯುವ ದಿನ ಅಜ್ಜ ಯಾರನ್ನೂ ತಕ್ಷಣ ಇಳಿಯೋಕೆ ಬಿಡುತ್ತಿರಲಿಲ್ಲ. ಬಾಯಿ ತೆರೆದು ಗಾಳಿಯಾಡಲು ಬಿಟ್ಟು, ಆಮೇಲೆ ಹಗ್ಗಕ್ಕೆ ಲಾಟೀನು ಕಟ್ಟಿ ಇಳಿಸುತ್ತಿದ್ದರು. ದೀಪ ಆರಿದರೆ ಇನ್ನೂ ಕಾಯಬೇಕು. ಅವಸರಪಟ್ಟು ಇಳಿದು ಉಸಿರು ಕಟ್ಟಿ ಸತ್ತವರ ಕಥೆ ನಮ್ಮ ಕಡೆ ಹಳ್ಳಿ ಹಳ್ಳಿಯಲ್ಲೂ ಇದೆ.

ಇದು ನೆನಪಾಗಿದ್ದೇ ತಡ, ಅರ್ಧ ಅರ್ಥ ಮಾಡಿಕೊಂಡು ಡ್ರಮ್ಮಿನೊಳಗೆ ಬೇಳೆ ಮೇಲೆ ಹಣತೆ ಹಚ್ಚಿಟ್ಟು ಮುಚ್ಚಳ ಹಾಕಿದೆ. ದೀಪ ಗಾಳಿಯನ್ನೆಲ್ಲ ತಿಂದುಬಿಡುತ್ತದೆ ಅನ್ನುವ ಲೆಕ್ಕ. ಪ್ಲಾಸ್ಟಿಕ್ ಮುಚ್ಚಳ ಸೊಟ್ಟಗಾಯಿತು, ಬೇಳೆಗೆ ಎಣ್ಣೆ ಹೊಗೆಯ ವಾಸನೆ ಹಿಡಿಯಿತು. ಒಂದು ತಿಂಗಳು ನಮ್ಮನೆ ಸಾರು ಕಾರ್ತಿಕ ಮಾಸದ ದೇವಸ್ಥಾನದ ಥರ ಘಮಘಮ.

ದೀಪ ಹಾಗೆ ಹಚ್ಚೋದಲ್ಲ. ಹಗೇವಿನಲ್ಲಿ ದೀಪ ಬರೀ ಪರೀಕ್ಷೆಗೆ. ಗಾಳಿ ಮುಗಿಸುವುದು ಒಳಗಿರುವ ಕಾಳು, ಹುಳಗಳೇ. ಕಾಳು ಉಸಿರಾಡುತ್ತದೆ, ಅದರೊಳಗಿನ ಹುಳವೂ ಉಸಿರಾಡುತ್ತದೆ. ಹೊಸ ಗಾಳಿ ಬಾರದಿದ್ದರೆ ಸ್ವಲ್ಪ ದಿನದಲ್ಲಿ ಇರೋದೆಲ್ಲ ಮುಗಿದು ಹುಳ ಸಾಯುತ್ತದೆ. ಅಂದರೆ ಡಬ್ಬ ಕಂಠಮಟ್ಟ ತುಂಬಿರಬೇಕು, ಗಾಳಿಗೆ ಜಾಗ ಇರಬಾರದು. ಮುಚ್ಚಿದ ಮೇಲೆ ತೆಗೆಯಲೂಬಾರದು. ಒಂದು ದೊಡ್ಡ ಡ್ರಮ್ಮಿನಿಂದ ಇದು ಸಾಧ್ಯವೇ ಇಲ್ಲ. ತಿಂಗಳಿಗೊಂದರಂತೆ ಹನ್ನೆರಡು ಚಿಕ್ಕ ಡಬ್ಬ ಬೇಕು.

ಬೇಕರಿಯವರ ಹತ್ತಿರ 15 ಕೆಜಿ ಎಣ್ಣೆ ಡಬ್ಬ ಸಿಗುತ್ತದೆ, ಒಂದಕ್ಕೆ 50 ರೂಪಾಯಿ ಆಸುಪಾಸು. ದುಂಡನೆಯ ಅಗಲ ಮುಚ್ಚಳ ಹಾಕಿಸಿದ್ದನ್ನೇ ಕೇಳಿ. ಕುದಿಯುವ ನೀರು, ಸೋಡಾ, ಬೂದಿ ಹಾಕಿ ಮೂರು ಸಲ ತೊಳೆದು ಎರಡು ದಿನ ಬಿಸಿಲಿಗೆ ಕವುಚಿ ಹಾಕಬೇಕು. ಒಂದೊಂದರಲ್ಲೂ ಒಂದು ತಿಂಗಳ ಲೆಕ್ಕ: ಬೇಳೆ 4 ಕೆಜಿ, ರಾಗಿ 8 ಕೆಜಿ, ದಪ್ಪ ಪ್ಲಾಸ್ಟಿಕ್ ಚೀಲದಲ್ಲಿ ಬೇರೆ ಬೇರೆ ಕಟ್ಟಿ. ಸಂದುಗಳಿಗೆ ಧನಿಯ, ಮೆಣಸಿನಕಾಯಿ ಪೊಟ್ಟಣ ತುರುಕುತ್ತೇನೆ, ಡಬ್ಬ ತುಂಬಬೇಕಲ್ಲ. ಡಬ್ಬದ ತಳಕ್ಕೆ ಇನ್ನೊಂದು ವಸ್ತು ಹಾಕುತ್ತೇನೆ. ಅದನ್ನು ಮಾತ್ರ ಹೇಳೋಲ್ಲ. ವಾರಗಿತ್ತಿಗೂ ಹೇಳಿಲ್ಲ.

ಮುಚ್ಚಳದ ಸಂದು ಮುಚ್ಚೋಕೆ ಮೊದಲು ಮೈದಾ ಅಂಟು ಹಚ್ಚಿದೆ. ಜಿರಳೆಗಳು ಸಂಸಾರ ಸಮೇತ ಬಂದು ಅಂಟನ್ನು ನೆಕ್ಕಿ ಖಾಲಿ ಮಾಡಿದವು. ಅಂಟುಪಟ್ಟಿ ಮಳೆಗಾಲದ ತಂಪಿಗೆ ಬಿಟ್ಟುಕೊಂಡಿತು. ಕೊನೆಗೆ ಕೈಹಿಡಿದಿದ್ದು ಪಂಕ್ಚರ್ ಅಂಗಡಿ. ಹಳೇ ಸ್ಕೂಟರ್ ಟ್ಯೂಬನ್ನು ಉದ್ದುದ್ದ ಪಟ್ಟಿ ಕತ್ತರಿಸಿ, ಮುಚ್ಚಳ ಒತ್ತಿದ ಮೇಲೆ ಸುತ್ತಲೂ ಎಳೆದು ಎರಡು ಸುತ್ತು ಬಿಗಿಯುವುದು. ಒಬ್ಬರು ಮುಚ್ಚಳ ಅದುಮಿ ಹಿಡಿಯಬೇಕು, ಇನ್ನೊಬ್ಬರು ಎಳೆಯಬೇಕು. ನಮ್ಮ ಯಜಮಾನರು ಈ ಕೆಲಸದಲ್ಲಿ ಈಗ ಪಳಗಿದ್ದಾರೆ.

ಅಕ್ಕಿ ಡಬ್ಬಕ್ಕೆ ಹಿಡಿಯೋಲ್ಲ, ಅದರ ಲೆಕ್ಕ ಬೇರೆ. ತವರಿನ ಕಡೆಯಿಂದ ನಾಲ್ಕು ಕ್ವಿಂಟಾಲ್ ಭತ್ತ ಕೊಳ್ಳುತ್ತೇನೆ. ಹೋದ ಸಲ ಕ್ವಿಂಟಾಲಿಗೆ 2,500 ಚಿಲ್ಲರೆ ಬಿತ್ತು. ಅಲ್ಲೇ ಮಿಲ್ಲು ಮಾಡಿಸಿದರೆ 255–260 ಕೆಜಿ ಅಕ್ಕಿ. ಮಿಲ್ಲಿನ ಕೂಲಿ, ಗಾಡಿ ಬಾಡಿಗೆ ಸೇರಿ ಕೆಜಿಗೆ 44ರ ಒಳಗೆ ಬರುತ್ತದೆ. ಒಂದು ತಪ್ಪು ನೀವು ಮಾಡಬೇಡಿ. ಹುಳ ಬಾರದಿರಲಿ ಅಂತ ಮೊದಲ ವರ್ಷ ಅಕ್ಕಿಯನ್ನು ಮೂರು ದಿನ ಮಹಡಿ ಮೇಲೆ ಸುಡುಬಿಸಿಲಿಗೆ ಹರವಿದ್ದೆ. ಕಾಳೆಲ್ಲ ಬಿರುಕು ಬಿಟ್ಟು, ಅನ್ನ ಮಾಡಿದರೆ ನುಚ್ಚಿನ ಗಂಜಿ. ಬೇಳೆಗೆ ಬಿಸಿಲು, ಅಕ್ಕಿಗೆ ನೆರಳು. ಹೊಸ ಅಕ್ಕಿ ಮುದ್ದೆಯಾಗುತ್ತದೆ ಅಂತ ಮೊದಲ ಎರಡು ಮೂರು ತಿಂಗಳು ಮನೆಯಲ್ಲಿ ಗೊಣಗಾಟ ಇರುತ್ತದೆ. ಆಗ ರೊಟ್ಟಿ, ದೋಸೆ ಜಾಸ್ತಿ ಮಾಡಿ ಕಾಲ ತಳ್ಳುತ್ತೇನೆ. ಯುಗಾದಿ ಕಳೆದು ಸ್ವಲ್ಪ ದಿನಕ್ಕೆ ಅದೇ ಹಳೇ ಅಕ್ಕಿ, ಅಂಗಡಿಯಲ್ಲಿ ಹಳೇ ಅಕ್ಕಿ ಅಂತ ಕೆಜಿಗೆ ಎಂಟು ಹತ್ತು ರೂಪಾಯಿ ಜಾಸ್ತಿ ಕೇಳುವಂಥದ್ದು.

ಬೇಳೆ, ಧನಿಯ ಸಂತೆಪೇಟೆಯ ಸಗಟು ಅಂಗಡಿಯಲ್ಲಿ. ಎರಡು ಮೂರು ಅಂಗಡಿಯಲ್ಲಿ ಒಂದೊಂದು ಹಿಡಿ ತಂದು ಅದೇ ದಿನ ಬೇಯಿಸಿ ನೋಡಿ, ಮಾರನೇ ದಿನ ಕೊಳ್ಳುತ್ತೇನೆ. ಮೆಣಸಿನಕಾಯಿ ಎಲ್ಲಿ ತರುತ್ತೇನೆ ಅನ್ನೋದು ನನಗೂ ಮಾರುವವರಿಗೂ ಇರಲಿ. ಎಲ್ಲಿ ಕೊಂಡರೂ ತೊಟ್ಟು ಮುರಿದರೆ ಪಟ್ ಅನ್ನಬೇಕು. ಒಂದು ಸಲ ಮೋಡದ ದಿನ ತುಂಬಿಸಿ, ಆಷಾಢದಲ್ಲಿ ತೆಗೆದರೆ ಒಳಗೆಲ್ಲ ಬಿಳಿ ಬೂಷ್ಟು.

ಬೆಲ್ಲದಲ್ಲಿ ಮಾತ್ರ ನಾನಿನ್ನೂ ಗೆದ್ದಿಲ್ಲ. ಮಂಡ್ಯ ಕಡೆ ಆಲೆಮನೆಯಿಂದ ಹೈಡ್ರೋಸ್ (ಬೆಲ್ಲದ ಬಣ್ಣ ತಿಳಿ ಮಾಡುವ ರಾಸಾಯನಿಕ) ಹಾಕದ ಕಪ್ಪು ಬೆಲ್ಲ 20 ಕೆಜಿ ತರುತ್ತಿದ್ದೆ. ನೋಡೋಕೆ ಚೆನ್ನಾಗಿಲ್ಲ, ರುಚಿಗೆ ಅದೇ ಬೇಕು. ಎಷ್ಟೇ ಸುತ್ತಿ ಇಟ್ಟರೂ ಜೂನ್ ಬಂದರೆ ನೀರು ಬಿಡುತ್ತದೆ. ಈಗ ವರ್ಷಕ್ಕೆ ಎರಡು ಸಲ ಹತ್ತತ್ತು ಕೆಜಿ ತರುತ್ತಿದ್ದೇನೆ. ಸೋಲು ಅಂದರೆ ಸೋಲು.

ರವೆ, ಗೋಧಿ ಹಿಟ್ಟಿಗೂ ಒಂದು ಪ್ರಯೋಗ ಮಾಡಿದೆ. ತಂದ ದಿನವೇ ನಾಲ್ಕು ದಿನ ಫ್ರೀಜರಿನಲ್ಲಿಟ್ಟರೆ ಮೊಟ್ಟೆ ಸತ್ತು ಹುಳ ಬರೋಲ್ಲ. ಇದು ಗೆದ್ದ ಮೇಲೆ ಸೆಕೆಂಡ್ ಹ್ಯಾಂಡ್ ಡೀಪ್ ಫ್ರೀಜರ್ ಕೊಳ್ಳುವ ಹುಚ್ಚು ಹತ್ತಿತು. ತಡೆದಿದ್ದು ಗೃಹಜ್ಯೋತಿ. ಅದು 200 ಯೂನಿಟ್ ಉಚಿತ ಅಂತ ಹೆಸರಿಗೆ. 2022–23ರಲ್ಲಿ ಎಷ್ಟು ಉರಿಸಿದ್ದೆವೋ ಅದರ ಸರಾಸರಿ, ಮೇಲೆ ಶೇ 10, ಅಷ್ಟೇ ನಮ್ಮ ಪಾಲು. ಆಗ ನಾನು ಲೈಟು ಆರಿಸಿ ಆರಿಸಿ ತಿಂಗಳಿಗೆ 62 ಯೂನಿಟ್ಟಿಗೆ ಇಳಿಸಿದ್ದೆ. ಹಗಲೂ ಲೈಟು ಉರಿಸುವ ಪಕ್ಕದ ಮನೆಗೆ ಅದರ ಎರಡರಷ್ಟು ಉಚಿತ. ನನಗೆ 68! ಯಾರ ಹತ್ತಿರ ಹೇಳಿಕೊಳ್ಳಲಿ?

ಗ್ಯಾಸ್ ಉಳಿಸೋಕೆ ಥರ್ಮಕೋಲ್ ಪೆಟ್ಟಿಗೆ ಮಾಡಿಕೊಂಡಿದ್ದೇನೆ. ಒಳಗೆ ಹಳೇ ರಗ್ಗು. ನೆನೆಸಿದ ಹುರುಳಿಯನ್ನೋ ಕಡಲೆಯನ್ನೋ 15 ನಿಮಿಷ ಕುದಿಸಿ, ಪಾತ್ರೆ ಸಮೇತ ಒಳಗಿಟ್ಟು ಮುಚ್ಚಿದರೆ ಮಧ್ಯಾಹ್ನಕ್ಕೆ ಬೆಂದಿರುತ್ತದೆ. 14.2 ಕೆಜಿ ಸಿಲಿಂಡರ್ ಮುಂಚೆ 33 ದಿನ ಬರುತ್ತಿತ್ತು, ಈಗ ನಲವತ್ತರ ಆಚೆ ಈಚೆ. ಅನ್ನ ಮಾತ್ರ ಅದರಲ್ಲಿ ಮಾಡಬೇಡಿ, ಅಂಟಂಟಾಗುತ್ತದೆ.

ಒಟ್ಟು ಲೆಕ್ಕ ನೆನಪಿನಿಂದ ಹೇಳುತ್ತೇನೆ. ಹೋದ ವರ್ಷ ಖರ್ಚಾಗಿದ್ದು 25,000ದ ಹತ್ತಿರ. ಅಷ್ಟನ್ನೇ ತಿಂಗಳು ತಿಂಗಳು ಅಂಗಡಿಯಲ್ಲಿ ತಂದಿದ್ದರೆ 33,000 ಆದರೂ ಆಗುತ್ತಿತ್ತು. ಎಂಟು ಸಾವಿರ ಉಳಿಯಿತು. ಎಲ್ಲ ವರ್ಷವೂ ಹೀಗೇ ಇರೋಲ್ಲ. ಒಂದು ವರ್ಷ ನಾನು ಕೊಂಡ ಎರಡೇ ತಿಂಗಳಿಗೆ ಬೇಳೆ ಕೆಜಿಗೆ ಹತ್ತು ರೂಪಾಯಿ ಇಳಿಯಿತು. ನಿಜವಾದ ಲಾಭ ಬೇರೆ ಕಡೆ ಇದೆ. ತಿಂಗಳ ಸಾಮಾನಿಗೆ ಅಂತ ಅಂಗಡಿಗೆ ಹೋದಾಗ ಬಿಸ್ಕತ್ತು, ನೂಡಲ್ಸು, ಒಂದಕ್ಕೊಂದು ಉಚಿತದ ಶಾಂಪೂ ಅಂತ ಬುಟ್ಟಿಗೆ ಬೀಳುತ್ತಿದ್ದವಲ್ಲ, ಅದೇ ತಿಂಗಳಿಗೆ ನಾನೂರೈನೂರು. ಈಗ ಆ ಬಾಗಿಲು ತುಳಿಯುವುದೇ ಅಪರೂಪ.

ಡಬ್ಬದಿಂದ ಇನ್ನೊಂದು ಉಪಕಾರ. ಒಂದನೇ ತಾರೀಖು ಟ್ಯೂಬು ಬಿಚ್ಚಿ ಮುಚ್ಚಳಕ್ಕೆ ಸೌಟಿನ ಹಿಡಿ ಕೊಟ್ಟು ಎತ್ತಿದರೆ ಉಸ್ ಅನ್ನುತ್ತದೆ. ಆ ಸದ್ದು ಬಂದರೆ ಮುಚ್ಚಳ ಬಿಗಿಯಾಗೇ ಇತ್ತು ಅಂತ. ಬೇಳೆ 24ಕ್ಕೇ ಮುಗಿದರೆ ಮುಂದಿನ ಡಬ್ಬಕ್ಕೆ ಕೈ ಹಾಕೋಲ್ಲ. ಸೊಪ್ಪು, ಹುರುಳಿ, ಉಪ್ಪೆಸರಿನಲ್ಲಿ ತಿಂಗಳು ದಾಟಿಸುವುದು. ಮಕ್ಕಳು ಆ ವಾರಕ್ಕೆ "ಡಬ್ಬ ರಜೆ" ಅಂತ ಹೆಸರಿಟ್ಟಿದ್ದಾರೆ.

ಈ ಸುಗ್ಗಿಗೆ ವಾರಗಿತ್ತಿಯ ಹನ್ನೆರಡೂ ಸೇರಿ ಇಪ್ಪತ್ನಾಲ್ಕು ಡಬ್ಬ ಬಿಗಿಯಬೇಕು. ಬೇಕರಿಯವರಿಗೆ ಈಗಲೇ ಹೇಳಿಟ್ಟಿದ್ದೇನೆ. ಪಂಕ್ಚರ್ ಅಂಗಡಿಯವನು ಇಷ್ಟು ವರ್ಷ ಟ್ಯೂಬು ಪುಕ್ಕಟೆ ಕೊಡುತ್ತಿದ್ದ. ಮೊನ್ನೆ ಹೋದರೆ ಒಂದಕ್ಕೆ ಹತ್ತು ರೂಪಾಯಿ ಅಂದ. ಚೌಕಾಸಿ ಮಾಡಿ ಎಂಟಕ್ಕೆ ನಿಲ್ಲಿಸಿದ್ದೇನೆ.