ಟ್ರಂಕಿನ ಸ್ವೆಟರು, ಈಗಿನ ನೂಲು

ದಾವಣಗೆರೆಯ ನಮ್ಮ ಮನೆಯ ತಗಡಿನ ಟ್ರಂಕಿನಲ್ಲಿ ಹಳೇ ಪಂಚೆಯಲ್ಲಿ ಸುತ್ತಿದ ಒಂದು ಗಂಟು ಇತ್ತು. ಅದರಲ್ಲಿ ಅಜ್ಜಿ ಹೆಣೆದ ಕೂಸಿನ ಸ್ವೆಟರು, ಕುಲಾವಿ, ಕಾಲುಚೀಲ. ಜೊತೆಗೆ ರೇಡಿಯೋ ಮೇಲೆ ಹಾಸುತ್ತಿದ್ದ ಕ್ರೋಶಾ ಬಟ್ಟೆ. ಸ್ವೆಟರಿನ ಎದೆಯ ಮೇಲೆ ಎಲೆ ಬಳ್ಳಿ, ಕ್ರೋಶಾ ಬಟ್ಟೆಯಲ್ಲಿ ಎದುರುಬದುರು ಕೂತ ಎರಡು ನವಿಲು. ತಂಗಿಯ ಕೂಸಿಗೆ ಅದೇ ತರಹದ ಸ್ವೆಟರು ಹಾಕಿಕೊಡೋಣ ಅಂತ ಹೊರಟೆ. ಹಳೆಯದರ ಕುಣಿಕೆ ಎಣಿಸಿದೆ. ಈಗ ಅಂಗಡಿಯಲ್ಲಿ ಸಿಗುವ ಉಲ್ಲನ್ ತಂದು ಅಷ್ಟೇ ಕುಣಿಕೆ ಹಾಕಿದೆ. ಒಂದು ತಿಂಗಳ ಕೆಲಸ. ಮುಗಿದಾಗ ಅದು ಮೂರನೇ ಕ್ಲಾಸಿನ ಮಗುವಿಗೆ ಆಗುವಷ್ಟು ಅಗಲವಾಗಿತ್ತು.

ಎಣಿಕೆ ಸರಿಯಾಗಿಯೇ ಇತ್ತು. ನೂಲು ಬೇರೆ ಆಗಿತ್ತು, ಅಷ್ಟೇ. ಹಳೇ ಹೆಣಿಗೆಯಿಂದ ನಾವು ತೆಗೆದುಕೊಳ್ಳಬೇಕಾದದ್ದು ಅಳತೆ ಮತ್ತು ಚಿತ್ತಾರ. ಕುಣಿಕೆಯ ಲೆಕ್ಕವನ್ನು ಈಗಿನ ನೂಲಿಗೆ ತಕ್ಕಂತೆ ಹೊಸದಾಗಿ ಹಾಕಬೇಕು. ಇದಕ್ಕೆ ಟೈಲರ್ ಟೇಪು, ಶಾಲೆ ಮಕ್ಕಳ ಗ್ರಾಫ್ ಪುಸ್ತಕ, ಒಂದು ಪೆನ್ಸಿಲ್ ಇದ್ದರೆ ಸಾಕು.

ಮೊದಲು ಹಳೆಯದನ್ನು ಓದಿ

ಟ್ರಂಕಿನಿಂದ ತೆಗೆದ ಹೆಣಿಗೆಯನ್ನು ಎಳೆದು ನೋಡಬೇಡಿ. ಹಳೇ ನೂಲು ಮಡಿಕೆಯ ಜಾಗದಲ್ಲಿ ಜೀರ್ಣವಾಗಿರುತ್ತದೆ. ಬಿಳಿ ಬಟ್ಟೆ ಹಾಸಿದ ಮೇಜಿನ ಮೇಲೆ ಹರಡಿ. ಬೆಳಕು ಪಕ್ಕದಿಂದ ಬೀಳುವಂತೆ, ಬೆಳಗಿನ ಕಿಟಕಿಯ ಹತ್ತಿರ ಇಟ್ಟು ಮೊಬೈಲಿನಲ್ಲಿ ಫೋಟೋ ತೆಗೆಯಿರಿ. ಆಮೇಲೆ ಫೋಟೋ ದೊಡ್ಡದು ಮಾಡಿ ಎಣಿಸುವುದು ಕಣ್ಣಿಗೂ ಸುಲಭ, ಬಟ್ಟೆಗೂ ಕ್ಷೇಮ.

ಬರೆದುಕೊಳ್ಳಬೇಕಾದದ್ದು ಇಷ್ಟು: ಎದೆಯ ಸುತ್ತಳತೆ, ಉದ್ದ, ತೋಳಿನ ಉದ್ದ, ಕಂಕುಳಿನ ಆಳ. ಎಲ್ಲ ಇಂಚಿನಲ್ಲಿ. ಮತ್ತೆ, ನಡುವಿನ 4 ಇಂಚಿನಲ್ಲಿ ಅಡ್ಡಕ್ಕೆ ಎಷ್ಟು ಕುಣಿಕೆ, ಉದ್ದಕ್ಕೆ ಎಷ್ಟು ಸಾಲು. ಅಂಚು ಸೆಳೆದುಕೊಂಡಿರುತ್ತದೆ, ಅಲ್ಲಿ ಅಳೆಯಬೇಡಿ. ನಮ್ಮ ಸ್ವೆಟರಿನಲ್ಲಿ 4 ಇಂಚಿಗೆ 32 ಕುಣಿಕೆ, 40 ಸಾಲು ಇತ್ತು. ತುಂಬ ಸಣ್ಣ ಕೆಲಸ. ಸೀದಾ ಸಾಲು (ನುಣುಪಾಗಿ ಕಾಣುವುದು) ಯಾವುದು, ಉಲ್ಟಾ ಸಾಲು (ಉಬ್ಬುಬ್ಬಾಗಿ ಕಾಣುವುದು) ಯಾವುದು ಅಂತ ಹಿಂಬದಿ ತಿರುಗಿಸಿ ನೋಡಿದರೆ ಬೇಗ ತಿಳಿಯುತ್ತದೆ.

ನೂಲು ಯಾವುದು ಅಂತ ಗೊತ್ತಾಗದಿದ್ದರೆ, ಒಳಗಿನ ಹೊಲಿಗೆಯಿಂದ ಒಂದು ಸಣ್ಣ ತುಂಡು ಕತ್ತರಿಸಿ ಚಿಮಟಿಗೆಯಲ್ಲಿ ಹಿಡಿದು, ಕೆಳಗೆ ನೀರಿನ ಬಟ್ಟಲಿಟ್ಟು ಸುಟ್ಟು ನೋಡಿ. ಕೂದಲು ಸುಟ್ಟ ವಾಸನೆ ಬಂದು ಬೂದಿ ಪುಡಿಯಾದರೆ ಉಣ್ಣೆ. ಕಾಗದ ಸುಟ್ಟ ವಾಸನೆ ಬಂದರೆ ಹತ್ತಿ. ಕರಗಿ ಗಟ್ಟಿ ಮಣಿಯಂತೆ ಆದರೆ ಅಕ್ರಿಲಿಕ್.

ಪುಸ್ತಕ ಇದ್ದರೆ ಒಂದು ಎಚ್ಚರಿಕೆ

ಕೆಲವರ ಮನೆಯಲ್ಲಿ ಹಳೇ ಇಂಗ್ಲಿಷ್ ಹೆಣಿಗೆ ಪುಸ್ತಕವೂ ಇರುತ್ತದೆ. ಅದರಲ್ಲಿ ಕಡ್ಡಿಯ ನಂಬರು ಬ್ರಿಟಿಷ್ ಲೆಕ್ಕದ್ದು. ನಮ್ಮ ಅಂಗಡಿಗಳಲ್ಲಿ ಈಗಲೂ ಅದೇ ನಡೆಯುತ್ತದೆ: ನಂಬರು ಜಾಸ್ತಿ ಆದಷ್ಟೂ ಕಡ್ಡಿ ಸಣ್ಣ. 8 ನಂಬರ್ ಅಂದರೆ 4 ಮಿ.ಮೀ., 10 ಅಂದರೆ 3.25, 11 ಅಂದರೆ 3, 12 ಅಂದರೆ 2.75. ಅಮೆರಿಕದ ಲೆಕ್ಕ ಇದಕ್ಕೆ ಪೂರ್ತಿ ಉಲ್ಟಾ. ಅಲ್ಲಿ ನಂಬರು ಏರಿದಂತೆ ಕಡ್ಡಿ ದಪ್ಪ. ಹಾಗಾಗಿ ಕಡ್ಡಿ ಕೊಳ್ಳುವಾಗ ಮಿ.ಮೀ. ಕೇಳಿ.

ಕ್ರೋಶಾದಲ್ಲಿ ಗೊಂದಲ ಇನ್ನೂ ಜಾಸ್ತಿ. ನಾವು ‘ಕಂಬ’ ಅನ್ನುತ್ತೇವಲ್ಲ, ಕೊಕ್ಕೆಗೆ ಒಂದು ಸಲ ದಾರ ಸುತ್ತಿ, ಎರಡೆರಡು ಕುಣಿಕೆಯಾಗಿ ಎರಡು ಸಲ ಬಿಡಿಸುವುದು, ಅದಕ್ಕೆ ಬ್ರಿಟಿಷ್ ಪುಸ್ತಕದಲ್ಲಿ ಟ್ರೆಬಲ್ ಅನ್ನುತ್ತಾರೆ. ಅಮೆರಿಕದಲ್ಲಿ ಅದೇ ಡಬಲ್ ಕ್ರೋಶೆ. ಬ್ರಿಟಿಷರ ಡಬಲ್ ಕ್ರೋಶೆ ಅಂದರೆ ಅಮೆರಿಕದ ಸಿಂಗಲ್ ಕ್ರೋಶೆ, ಅಂದರೆ ದಾರ ಸುತ್ತದೆ ಹಾಕುವ ಗಿಡ್ಡ ಹೆಣಿಗೆ. ಹಳೇ ಪುಸ್ತಕ ಇಟ್ಟುಕೊಂಡು ಯೂಟ್ಯೂಬ್ ನೋಡಿ ಹೆಣೆಯುವವರು ಇಲ್ಲೇ ಎಡವುತ್ತಾರೆ. ಪುಸ್ತಕದಲ್ಲಿ ಇಂಚಿಗೆ ಎಷ್ಟು ಕುಣಿಕೆ ಅನ್ನುವುದಕ್ಕೆ ‘ಟೆನ್ಷನ್’, ಕುಣಿಕೆ ಬಿಟ್ಟು ಮುಂದೆ ಹೋಗುವುದಕ್ಕೆ ‘ಮಿಸ್’ ಅಂತಿದ್ದರೆ ಸಾಮಾನ್ಯವಾಗಿ ಬ್ರಿಟಿಷ್. ಅದಕ್ಕೇ ‘ಗೇಜ್’, ‘ಸ್ಕಿಪ್’ ಅಂತಿದ್ದರೆ ಅಮೆರಿಕದ್ದು.

ನೂಲು ಆರಿಸುವುದು

ಇಲ್ಲಿ ಅವಸರ ಬೇಡ. ಎಲ್ಲಕ್ಕಿಂತ ಮೊದಲು ‘ಪ್ಲೈ’ ಅನ್ನುವ ಮಾತು ತಿಳಿದುಕೊಳ್ಳಿ. ಪ್ಲೈ ಅಂದರೆ ಎಷ್ಟು ಎಳೆ ಸೇರಿಸಿ ಹುರಿ ಮಾಡಿದ್ದಾರೆ ಅನ್ನುವ ಲೆಕ್ಕ. ಹಳೇ ಪುಸ್ತಕಗಳಲ್ಲಿ 3 ಪ್ಲೈ, 4 ಪ್ಲೈ ಅಂದರೆ ಇಂಥಾ ದಪ್ಪ ಅಂತಲೂ ಅರ್ಥವಿತ್ತು. ಈಗ ಹಾಗಿಲ್ಲ. ನಾಲ್ಕು ದಪ್ಪ ಎಳೆ ಸೇರಿಸಿದ ನೂಲಿನ ಮೇಲೂ 4 ಪ್ಲೈ ಅಂತಲೇ ಬರೆದಿರುತ್ತಾರೆ. ಲೇಬಲ್ ನಂಬುವ ಬದಲು ಕೈಯಲ್ಲೇ ನೋಡಿ. ಅಳತೆ ಪಟ್ಟಿಯ ಮೇಲೆ ಒಂದು ಇಂಚಿನ ಅಗಲಕ್ಕೆ ನೂಲನ್ನು ಒತ್ತಾಗಿ, ಎಳೆಯದೆ ಸುತ್ತಿ. ಹಳೇ ನೂಲಿನ ತುಂಡು ಇದ್ದರೆ ಅದನ್ನೂ ಸುತ್ತಿ. ಎರಡರ ಸುತ್ತು ಒಂದೇ ಬಂದರೆ ದಪ್ಪವೂ ಒಂದೇ. ಅಂಥಾ ತೆಳು ನೂಲು ಸಿಕ್ಕರೆ ಲೆಕ್ಕ ಬದಲಿಸುವ ಕೆಲಸ ಬಹಳ ಕಡಿಮೆ ಆಗುತ್ತದೆ. ಕಡ್ಡಿಯೂ ಹಳೆಯದೇ ನಂಬರಿನದು ಆಗಬಹುದು. ಆದರೆ ಕೆಲಸ ನಿಧಾನ.

ನಮ್ಮ ಊರಿನ ಹವೆಗೆ ಯಾವುದು? ದಾವಣಗೆರೆಯ ಚಳಿ ಕಾರ್ತಿಕದಿಂದ ಸಂಕ್ರಾಂತಿವರೆಗೆ, ಅದೂ ಬೆಳಗಿನ ಹೊತ್ತು. ಕೂಸಿಗೆ ದಪ್ಪ ಅಕ್ರಿಲಿಕ್ ಹಾಕಿದರೆ ಹತ್ತು ಗಂಟೆಗೆಲ್ಲ ಬೆವರುತ್ತದೆ. ನಾನು ಈಗ ಕೂಸಿನ ಸ್ವೆಟರಿಗೆ ಹತ್ತಿ, ಇಲ್ಲವೇ ಹತ್ತಿ ಜಾಸ್ತಿ ಇರುವ ಮಿಶ್ರ ನೂಲು ತರುತ್ತೇನೆ. ‘ಮಿಲ್ಕ್ ಕಾಟನ್’ ಅಂತ ಮಾರುವ ಎಷ್ಟೋ ನೂಲಿನಲ್ಲಿ ಅಕ್ರಿಲಿಕ್ ಬೆರೆತಿರುತ್ತದೆ. ಲೇಬಲ್ಲಿನಲ್ಲಿ ಎಷ್ಟು ಭಾಗ ಅಂತ ಓದಿ. ಚಿತ್ರದುರ್ಗದ ಕಡೆಯವರಿಗೆ ಜೋಗಿಮಟ್ಟಿಯ ಗಾಳಿ ಗೊತ್ತು. ಅಲ್ಲಿ ದೊಡ್ಡವರ ಸ್ವೆಟರಿಗೆ ಮೆರಿನೋ ಉಣ್ಣೆ ಹಾಕಿದರೆ ನಿಜಕ್ಕೂ ಉಪಯೋಗವಿದೆ. ‘ಸೂಪರ್‌ವಾಶ್’ ಅಂತಿದ್ದರೆ ಒಳ್ಳೆಯದು. ಅದು ತೊಳೆದಾಗ ಬೇಗ ಕುಗ್ಗಿ ಗಂಟಾಗುವುದಿಲ್ಲ.

ಚಳ್ಳಕೆರೆಯ ಕಂಬಳಿ ಉಣ್ಣೆಯಲ್ಲಿ ಹೆಣೆಯಬಹುದಾ ಅಂತ ಕೇಳುವವರಿದ್ದಾರೆ. ದಖ್ಖನಿ ಕುರಿಯ ಉಣ್ಣೆ ಒರಟು. ಕೂಸಿನ ಮೈಗೆ ಖಂಡಿತ ಬೇಡ. ಕಂಬಳಿ ನೇಯುವವರು ಆ ನೂಲಿಗೆ ಹುಣಸೆ ಬೀಜದ ಗಂಜಿ ಹಾಕಿ ಬಿಗಿ ಮಾಡುತ್ತಾರೆ. ಅದರ ಗುಣವೇ ಗಟ್ಟಿತನ. ಕೈಯಲ್ಲಿ ನೂತ ನೂಲು ಸಿಕ್ಕರೆ ದಪ್ಪ ಕೊಕ್ಕೆಯಲ್ಲಿ ಕೂರುವ ಆಸನವೋ, ಕೈಚೀಲವೋ ಮಾಡಿ. ಆ ಕರಿ ಬಣ್ಣ, ಕಂದು ಬಣ್ಣ ಯಾವ ಕಾರ್ಖಾನೆ ನೂಲಿನಲ್ಲೂ ಬರುವುದಿಲ್ಲ.

ಇನ್ನು ಕ್ರೋಶಾ ಲೇಸಿಗೆ ಮರ್ಸರೈಸ್ಡ್ ಹತ್ತಿ ದಾರವೇ ಸರಿ. ಹತ್ತಿಯನ್ನು ಕಾಸ್ಟಿಕ್ ಸೋಡಾದಲ್ಲಿ ಹದ ಮಾಡುವುದನ್ನು ಇಂಗ್ಲೆಂಡಿನ ಜಾನ್ ಮರ್ಸರ್ 1844ರಲ್ಲಿ ಕಂಡುಹಿಡಿದ. ಹೆಸರು ಅವನದೇ. ದಾರ ಗಟ್ಟಿಯಾಗುತ್ತದೆ, ಬಣ್ಣ ಚೆನ್ನಾಗಿ ಹಿಡಿಯುತ್ತದೆ, ಹೊಳಪು ಬರುತ್ತದೆ. ಇದರಲ್ಲೂ ನಂಬರು ಏರಿದಂತೆ ದಾರ ಸಣ್ಣ. 20ಕ್ಕಿಂತ 40 ತೆಳು. ಹತ್ತಿ ಗಿರಣಿಗಳಿಂದ ಕರ್ನಾಟಕದ ಮ್ಯಾಂಚೆಸ್ಟರ್ ಅನ್ನಿಸಿಕೊಂಡಿದ್ದ ಊರಿನವರು ನಾವು. ನಮ್ಮ ಅಜ್ಜಿಯಂಥವರು ದಾರವನ್ನು ಬೆರಳಲ್ಲಿ ಹೊಸೆದು ನೋಡಿಯೇ ಹುರಿ ಸಡಿಲವೋ ಬಿಗಿಯೋ ಹೇಳುತ್ತಿದ್ದರು. ನೀವೂ ಹಾಗೇ ನೋಡಿ. ಹೊಸೆದಾಗ ಎಳೆ ಬಿಚ್ಚಿಕೊಳ್ಳುವ ದಾರ ಕೊಕ್ಕೆಗೆ ಸಿಕ್ಕಿ ಸೀಳುತ್ತದೆ.

ಬೇಕಾದ ಅಷ್ಟೂ ಉಂಡೆಯನ್ನು ಒಂದೇ ಸಲ ಕೊಳ್ಳಿ. ಲೇಬಲ್ಲಿನ ಮೇಲೆ ಬಣ್ಣದ ನಂಬರಿನ ಜೊತೆ ಲಾಟ್ ನಂಬರೂ (ಒಂದೇ ಸಲ ಬಣ್ಣ ಹಾಕಿದ ಕಂತಿನ ನಂಬರು) ಇರುತ್ತದೆ. ಎರಡೂ ಒಂದೇ ಇರಬೇಕು. ಇಲ್ಲದಿದ್ದರೆ ತೋಳು ಒಂದು ಬಿಳಿ, ಮೈ ಒಂದು ಬಿಳಿ ಆಗುತ್ತದೆ. ಇನ್ನೊಂದು ಮಾತು: ಹಳೇ ಪುಸ್ತಕ ಔನ್ಸ್ ಲೆಕ್ಕ ಕೊಡುತ್ತದೆ. ಹತ್ತಿ ಉಣ್ಣೆಗಿಂತ ತೂಕ. ಹಾಗಾಗಿ ತೂಕ ನೋಡದೆ ಉಂಡೆಯಲ್ಲಿ ಎಷ್ಟು ಮೀಟರ್ ಇದೆ ಅಂತ ನೋಡಿ.

ತುಂಡು ಹೆಣೆದು ನೋಡುವುದು

ಇದನ್ನು ಬಿಟ್ಟು ಮುಂದೆ ಹೋಗಬೇಡಿ. ನನ್ನ ಒಂದು ತಿಂಗಳು ಹೋದದ್ದು ಇದನ್ನು ಬಿಟ್ಟದ್ದಕ್ಕೇ. ಹೊಸ ನೂಲಿನಲ್ಲಿ ಸುಮಾರು 6 ಇಂಚು ಚೌಕದ ತುಂಡು ಹೆಣೆಯಿರಿ. ಸ್ವೆಟರನ್ನು ಹೇಗೆ ತೊಳೆಯುತ್ತೀರೋ ಹಾಗೇ ತೊಳೆದು ನೆರಳಲ್ಲಿ ಒಣಗಿಸಿ. ಆಮೇಲೆ ನಡುವಿನ 4 ಇಂಚು ಅಳೆಯಿರಿ. ತೊಳೆಯದೆ ಅಳೆದರೆ ಹತ್ತಿ ನೂಲು ಮೋಸ ಮಾಡುತ್ತದೆ.

ಈಗ ಲೆಕ್ಕ. ನಮ್ಮ ಹಳೇ ಸ್ವೆಟರಿಗೆ ಇಂಚಿಗೆ 8 ಕುಣಿಕೆ. ಮುಂಭಾಗದ ಅಗಲ 10 ಇಂಚು. ಅಂದರೆ 80 ಕುಣಿಕೆ. ಹೊಸ ನೂಲು 8 ನಂಬರ್ ಕಡ್ಡಿಯಲ್ಲಿ 4 ಇಂಚಿಗೆ 22 ಕುಣಿಕೆ ಕೊಟ್ಟಿತು. ಇಂಚಿಗೆ ಐದೂವರೆ. ಅಗಲ 10 ಇಂಚೇ ಬೇಕು. ಹಾಗಾಗಿ 55 ಕುಣಿಕೆ ಸಾಕು. ನಾನು ಮೊದಲ ಸಲ 80 ಹಾಕಿದಾಗ ಮುಂಭಾಗವೇ ಹದಿನಾಲ್ಕೂವರೆ ಇಂಚು ಆಗಿತ್ತು.

ಚಿತ್ತಾರಕ್ಕೆ ಇನ್ನೊಂದು ಹೆಜ್ಜೆ ಇದೆ. ಎಲೆ ಬಳ್ಳಿ 10 ಕುಣಿಕೆಗೊಮ್ಮೆ ಮರಳಿ ಬರುತ್ತದೆ, ಕೊನೆಗೆ 1 ಕುಣಿಕೆ ಹೆಚ್ಚು ಬೇಕು. 55ರಲ್ಲಿ ಐದು ಎಲೆ ಹಿಡಿಯುತ್ತದೆ: 51 ಕುಣಿಕೆ. ಉಳಿದ 4ನ್ನು ಎರಡು ಬದಿಗೆ ಎರಡೆರಡು ಸೀದಾ ಕುಣಿಕೆಯಾಗಿ ಬಿಟ್ಟೆ. ಪಕ್ಕ ಜೋಡಿಸಿ ಹೊಲಿಯುವಾಗ ಅವು ಒಳಗೆ ಹೋಗುತ್ತವೆ, ಎಲೆ ತುಂಡಾಗುವುದಿಲ್ಲ. ಅಜ್ಜಿಯ ಸ್ವೆಟರಿನಲ್ಲಿ ಏಳು ಎಲೆ ಇತ್ತು, ನನ್ನದರಲ್ಲಿ ಐದು, ಆದರೆ ದೊಡ್ಡವು. ಇದು ನೋಡಲು ಬೇರೆಯೇ. ನನಗೆ ಬೇಸರವಿಲ್ಲ. ಅಷ್ಟೇ ಸಣ್ಣ ಎಲೆ ಬೇಕು ಅನ್ನುವವರು ತೆಳು ನೂಲಿನ ದಾರಿಯನ್ನೇ ಹಿಡಿಯಬೇಕು.

ಉದ್ದಕ್ಕೂ ಹೀಗೇ. ಕಂಕುಳಿನ ಆಳ 4 ಇಂಚು. ಹಳೆಯದರಲ್ಲಿ 40 ಸಾಲು. ಹೊಸದರಲ್ಲಿ 4 ಇಂಚಿಗೆ 28 ಸಾಲು ಬಂತು, ಹಾಗಾಗಿ 28 ಹೆಣೆದೆ. ಕಂಕುಳಲ್ಲಿ ಹಳೆಯದಕ್ಕೆ ಬದಿಗೆ 6 ಕುಣಿಕೆ ಮುಚ್ಚಿದ್ದರು, ಅಂದರೆ ಮುಕ್ಕಾಲು ಇಂಚು. ಹೊಸದಕ್ಕೆ 4. ಕುತ್ತಿಗೆ, ತೋಳು ಎಲ್ಲಕ್ಕೂ ಮೊದಲು ಇಂಚು, ಆಮೇಲೆ ಕುಣಿಕೆ. ಶುರು ಮಾಡುವ ಮೊದಲೇ ಇಡೀ ಲೆಕ್ಕ ಕಾಗದದ ಮೇಲೆ ಬರೆದಿಟ್ಟುಕೊಳ್ಳಿ.

ಹಳೇ ಕುಲಾವಿಗಳಿಗೆ ಗಲ್ಲದ ಕೆಳಗೆ ಕಟ್ಟಲು ರಿಬ್ಬನ್ ಇರುತ್ತದೆ. ದಯವಿಟ್ಟು ಅದನ್ನು ಬಿಡಿ. ಕೂಸು ಮಲಗಿದಾಗ ಕುತ್ತಿಗೆಗೆ ಸುತ್ತಿಕೊಳ್ಳುವ ಅಪಾಯವಿದೆ. ಅಂಚಿಗೆ ಒಂದು ಸೀದಾ ಒಂದು ಉಲ್ಟಾ ಹೆಣೆದರೆ ತಾನೇ ಹಿಡಿದುಕೊಳ್ಳುತ್ತದೆ. ಕಾಲುಚೀಲಕ್ಕೆ ತೂತಿನ ಚಿತ್ತಾರವೂ ಬೇಡ, ಪುಟ್ಟ ಬೆರಳು ಸಿಕ್ಕಿಕೊಳ್ಳುತ್ತದೆ.

ನವಿಲಿನ ಬಟ್ಟೆ

ಕ್ರೋಶಾದಲ್ಲಿ ಕೆಲಸ ಹಗುರ. ನವಿಲು, ಹಂಸ, ತುಂಬಿದ ಕೊಡ ಇವೆಲ್ಲ ಚೌಕದ ಮೇಲೆ ನಿಂತ ಚಿತ್ರಗಳು. ತುಂಬಿದ ಚೌಕ, ಖಾಲಿ ಚೌಕ, ಎರಡೇ. ಗ್ರಾಫ್ ಪುಸ್ತಕದಲ್ಲಿ ತುಂಬಿದ್ದನ್ನು ಪೆನ್ಸಿಲಿನಲ್ಲಿ ಕಪ್ಪು ಮಾಡುತ್ತಾ ಹೋಗಿ. ಅರ್ಧ ಮಾಡಿದರೆ ಸಾಕು, ಎದುರಿನ ನವಿಲು ಕನ್ನಡಿಯಂತೆ ಅದೇ.

ಖಾಲಿ ಚೌಕಕ್ಕೆ 2 ಚೈನ್ (ಸರಪಳಿಯಂತೆ ಒಂದರೊಳಗೊಂದು ಎಳೆದ ಕುಣಿಕೆ), 1 ಕಂಬ. ತುಂಬಿದ ಚೌಕಕ್ಕೆ 3 ಕಂಬ. ಅಡಿಪಾಯದ ಚೈನಿಗೆ ಚೌಕದ ಸಂಖ್ಯೆಯನ್ನು 3ರಿಂದ ಗುಣಿಸಿ. ಮೊದಲ ಸಾಲು ತುಂಬಿದ ಚೌಕದಿಂದ ಶುರುವಾದರೆ 3 ಕೂಡಿಸಿ, ಕೊಕ್ಕೆಯಿಂದ 4ನೇ ಚೈನಿಗೆ ಮೊದಲ ಕಂಬ ಹಾಕಿ. ಖಾಲಿಯಿಂದ ಶುರುವಾದರೆ 5 ಕೂಡಿಸಿ, 8ನೇ ಚೈನಿಗೆ ಹಾಕಿ. 60 ಚೌಕದ ಬಟ್ಟೆಗೆ 183 ಅಥವಾ 185 ಚೈನ್.

ಹಳೇ ಬಟ್ಟೆಯಲ್ಲಿ ಇಂಚಿಗೆ 4 ಚೌಕ, ಒಟ್ಟು 15 ಇಂಚು. ಈಗಿನ ದಪ್ಪ ಹತ್ತಿ ನೂಲಿನಲ್ಲಿ ಇಂಚಿಗೆ 2 ಚೌಕ ಬರುತ್ತದೆ, ಅದೇ ನವಿಲು 30 ಇಂಚಾಗುತ್ತದೆ. ಸ್ವೆಟರಿಗೆ ಇದು ತೊಂದರೆ, ಇಲ್ಲಿ ಅನುಕೂಲ. ರೇಡಿಯೋ ಮೇಲಿನ ಬಟ್ಟೆ ಈಗ ಕಿಟಕಿಯ ಅರ್ಧ ಪರದೆಯಾಗಬಹುದು. ರೇಡಿಯೋನೇ ಇಲ್ಲದ ಮನೆಯಲ್ಲಿ ಹಳೇ ಅಳತೆ ಇಟ್ಟುಕೊಂಡು ಏನು ಮಾಡುವುದು, ಅಲ್ವಾ? ಒಂದು ಮಾತ್ರ ನೋಡಿಕೊಳ್ಳಿ: 10 ಚೌಕ ಅಗಲ, 10 ಸಾಲು ಹೆಣೆದು ಅಳೆಯಿರಿ. ಅಗಲಕ್ಕಿಂತ ಎತ್ತರ ಜಾಸ್ತಿ ಬಂದರೆ ನವಿಲಿನ ಕುತ್ತಿಗೆ ಕೊಕ್ಕರೆಯದಾಗುತ್ತದೆ. ಕಂಬದ ಮೊದಲ ಕುಣಿಕೆಯನ್ನು ಸ್ವಲ್ಪ ಗಿಡ್ಡ ಎಳೆಯಿರಿ.

ಕೊನೆಯ ಹದ

ಹತ್ತಿ ಲೇಸನ್ನು ತೊಳೆದು, ತಿಳಿ ಅನ್ನದ ಗಂಜಿಯಲ್ಲಿ ಅದ್ದಿ ಹಿಂಡಿ. ಥರ್ಮೊಕೋಲ್ ಹಲಗೆಯ ಮೇಲೆ ತುಕ್ಕು ಹಿಡಿಯದ ಗುಂಡುಪಿನ್ನಿನಿಂದ ಅಂಚನ್ನು ನೇರಕ್ಕೆ ಎಳೆದು ಚುಚ್ಚಿ ಒಣಗಲು ಬಿಡಿ. ಹಳೇ ಲೇಸಿನ ಆ ಬಿಗಿ ಬರುವುದು ಗಂಜಿಯಿಂದಲೇ. ಉಣ್ಣೆಯನ್ನು ಅಂಟುವಾಳದ ನೀರಿನಲ್ಲಿ, ತಣ್ಣಗಿರುವಾಗ, ಉಜ್ಜದೆ ತೊಳೆಯಿರಿ. ಅಕ್ರಿಲಿಕ್‌ಗೆ ಮಾತ್ರ ಇಸ್ತ್ರಿ ಮುಟ್ಟಿಸಬೇಡಿ. ಒಂದು ಶಾಲಿನ ಅಂಚಿಗೆ ಬಿಸಿ ಇಸ್ತ್ರಿ ಇಟ್ಟೆ. ಎಲೆಗಳೆಲ್ಲ ಚಪ್ಪಟೆಯಾಗಿ, ನೂಲು ಮಿರುಗಿ, ಮತ್ತೆ ಮೇಲೇಳಲೇ ಇಲ್ಲ. ದೇವರ ಮನೆಯ ಬಾಗಿಲಿಗೆ ತೋರಣ ಮಾಡುವವರು ದೀಪದಿಂದ ದೂರ ಕಟ್ಟಿ. ಹತ್ತಿಯೂ ಉರಿಯುತ್ತದೆ, ಅಕ್ರಿಲಿಕ್ ಉರಿದರೆ ಕರಗಿ ಚರ್ಮಕ್ಕೆ ಅಂಟುತ್ತದೆ.

ಸ್ವೆಟರನ್ನು ಹ್ಯಾಂಗರಿಗೆ ನೇತುಹಾಕಬೇಡಿ, ಭುಜ ಜೋಲುತ್ತದೆ. ಮಡಚಿ, ಒಣಗಿದ ಬೇವಿನ ಎಲೆಯ ಜೊತೆ ಹತ್ತಿ ಬಟ್ಟೆಯಲ್ಲಿ ಸುತ್ತಿಡಿ. ಒಳಗೆ ಒಂದು ಚೀಟಿ ಹಾಕಿ: ನೂಲು ಯಾವುದು, ಎಷ್ಟು ಮೀಟರ್, ಕಡ್ಡಿ ಎಷ್ಟು ಮಿ.ಮೀ., 4 ಇಂಚಿಗೆ ಎಷ್ಟು ಕುಣಿಕೆ, ಎಷ್ಟು ಸಾಲು, ಯಾವ ವರ್ಷ. ಜೊತೆಗೆ ಉಳಿದ ನೂಲಿನ ಒಂದು ಮೊಳ. ಅಜ್ಜಿಯ ಗಂಟಿನಲ್ಲಿ ಅದೊಂದು ಇರಲಿಲ್ಲ.