ಲೋವರ್ ಕೇಳಿದ್ರ ಅಪ್ಪರ್ ಯಾಕ ಬರ್ತೈತಿ: ಟ್ರೇನ್ ಸೀಟು, ಅಪ್‌ಗ್ರೇಡು ಸಂಭಾಳಿಸೋದು ಹೆಂಗ

ಕೊಪ್ಪಳ, ಹೊಸಪೇಟೆ, ಬಳ್ಳಾರಿಯಿಂದ ಹಂಪಿ ಎಕ್ಸ್‌ಪ್ರೆಸ್ ಹತ್ತಿ ಬೆಂಗಳೂರಿಗೆ ಹೋಗೋ ಮಂದಿದು ಎಲ್ಲಾರ್ದೂ ಒಂದೇ ತಕರಾರು. ಬುಕ್ ಮಾಡುವಾಗ ಲೋವರ್ ಅಂತ ಒತ್ತೀವಿ, ರೊಕ್ಕ ಪೂರಾ ಕಟ್ಟೀವಿ, ಟಿಕೆಟ್ ಬಂದಮ್ಯಾಲ ನೋಡಿದ್ರ ಮೊಣಕಾಲು ನೋವಿರೋ ಅವ್ವಗ ಅಪ್ಪರ್, ಇಪ್ಪತ್ತು ವರ್ಷದ ಮಗಗ ಲೋವರ್. ಸರ್ಕಾರಿ ಬಸ್ಸಿಗೆ ಬುಕ್ ಮಾಡುವಾಗ ಸೀಟಿನ ನಕ್ಷೆ ಬರ್ತೈತಿ, ಬೇಕಾದ್ದರ ಮ್ಯಾಲ ಬೆರಳು ಒತ್ತತೀವಿ, ಆ ಸೀಟು ನಮ್ದಾತು. ರೈಲಿನ್ಯಾಗ ಹಂಗಿಲ್ಲ. ಐಆರ್‌ಸಿಟಿಸಿಯೊಳಗ ಬರ್ತ್ ಪ್ರಿಫರೆನ್ಸ್ ಅಂತ ಇರೋ ಡಬ್ಬಿ ಬರೀ ಅರ್ಜಿ, ಬಸ್ಸಿನ ಕಿಟಕಿಯಿಂದ ಟವಲ್ ಎಸೆದು ಸೀಟು ಹಿಡಿದಂಗ ಅಲ್ಲ ಅದು. ಲೋವರ್ ಇದ್ರ ಕಂಪ್ಯೂಟರ್ ಕೊಡ್ತೈತಿ, ಇಲ್ಲಾಂದ್ರ ಏನೈತೋ ಅದನ್ನ ಕೊಟ್ಟು ರೊಕ್ಕ ತಗೊಂಡು ಕೈ ತೊಳ್ಕೊಂತೈತಿ. ಒಂದೇ ಬರ್ತನ್ನ ಹುಬ್ಬಳ್ಳಿಯಿಂದ ಹೊಸಪೇಟೆ ತನಕ ಒಬ್ಬರಿಗೆ, ಬಳ್ಳಾರಿಯಿಂದ ಮುಂದಕ್ಕ ಇನ್ನೊಬ್ಬರಿಗೆ ಮಾರೋ ಪದ್ಧತಿ ಐತಿ, ಮ್ಯಾಲ ಹತ್ತಾರು ಕೋಟಾ, ಹಿಂಗಾಗಿ ಬಸ್ಸಿನಂಗ ನಕ್ಷೆ ತೋರಿಸಿ ಆರಿಸ್ಕೊಳ್ರಿ ಅನ್ನೋದು ಅಷ್ಟು ಸಲೀಸಿಲ್ಲ. ಬೈಕೊಂತ ಕುಂತ್ರ ಲೋವರ್ ಬರಲ್ಲ, ನಮ್ಮ ಕೈಯಾಗ ಇರೋ ಗುಂಡಿ ಯಾವ್ಯಾವು ಅಂತ ತಿಳ್ಕೊಂಡ್ರ ಅರ್ಧ ಕೆಲಸ ಆದಂಗ.

ಮೊದಲನೇದು ಕೋಟಾ. ಸ್ಟೇಷನ್, ತಾರೀಖು ಹಾಕೋ ಜಾಗದಾಗ ಜನರಲ್ ಅಂತ ತಾನೇ ಬಂದಿರ್ತೈತಿ, ಎಲ್ಲಾರೂ ಅದನ್ನ ಮುಟ್ಟದಂಗ ಮುಂದಕ್ಕ ಹೋಗ್ತಾರ. ಅದನ್ನ ಒತ್ತಿದ್ರ ಲೋವರ್ ಬರ್ತ್ ಮತ್ತ ಸೀನಿಯರ್ ಸಿಟಿಜನ್ ಅಂತ ಒಂದು ಕೋಟಾ ಕಾಣ್ತೈತಿ. ಗಂಡಸರಿಗೆ 60 ವರ್ಷ ಆಗಿರ್ಬೇಕು, ಆದ್ರ ಹೆಣ್ಮಕ್ಕಳಿಗೆ 45 ಆಗಿದ್ರ ಸಾಕು, ಇದು ಭಾಳ ಮಂದಿಗೆ ಗೊತ್ತೇ ಇಲ್ಲ! 48 ವರ್ಷದ ಅಕ್ಕನೋ ಅತ್ತಿನೋ ಒಬ್ಬಾಕಿ ಬೆಂಗಳೂರಿಗೆ ಹೊಂಟಿದ್ರೂ ಈ ಕೋಟಾದಾಗ ಮಾಡಬಹುದು. ಸ್ಲೀಪರ್ ಕೋಚಿನ್ಯಾಗ 6-7 ಲೋವರ್, ಥರ್ಡ್ ಎಸಿಯಾಗ 4-5, ಸೆಕೆಂಡ್ ಎಸಿಯಾಗ 3-4 ಇದಕ್ಕಂತ ತೆಗೆದಿಟ್ಟಿರ್ತಾರ. ಷರತ್ತು ಒಂದೇ, ಟಿಕೆಟ್‌ನಾಗ ಒಬ್ಬರು ಇಲ್ಲಾ ಇಬ್ಬರೇ ಇರಬೇಕು, ಇಬ್ಬರಿದ್ರ ಇಬ್ಬರಿಗೂ ವಯಸ್ಸು ಕೂಡಬೇಕು. ಅವ್ವನ ಜೋಡಿ ಮಗನ್ನ ಸೇರಿಸಿದ್ರ ಈ ಕೋಟಾ ಉಪಯೋಗಕ್ಕ ಬರಲ್ಲ. ಇನ್ನೊಂದು, ವಯಸ್ಸಾದೋರ ಟಿಕೆಟ್ ರಿಯಾಯಿತಿ 2020ರ ಮಾರ್ಚ್‌ನಾಗ ನಿಂತೈತಿ, ಅದಕ್ಕ ಈ ಕೋಟಾನೂ ಹೋತು ಅಂತ ತಿಳ್ಕೊಂಡೋರು ಅದಾರ. ಹೋಗಿಲ್ಲ, ರೇಟಿನ ರಿಯಾಯಿತಿ ಬ್ಯಾರೆ, ಬರ್ತಿನ ಕೋಟಾ ಬ್ಯಾರೆ.

ಹಂಗಾದ್ರ ಅಪ್ಪ ಅವ್ವ, ನೀವು, ಮಕ್ಕಳು ಎಲ್ಲಾ ಸೇರಿ ಹೋಗೋದಿದ್ರ? ಅಪ್ಪ ಅವ್ವಂದು ಒಂದು ಟಿಕೆಟ್ ಲೋವರ್ ಕೋಟಾದಾಗ ಮಾಡ್ರಿ, ಟಿಕೆಟ್ ಬಂದ ಕೂಡ್ಲೇ ಕೋಚ್ ನಂಬರ್ ನೋಡ್ರಿ, ಉದಾಹರಣೆಗೆ ಎಸ್4 ಅಂತ ಬಂದೈತಿ ಅನ್ಕೊಳ್ರಿ, ಉಳಿದೋರ ಟಿಕೆಟ್ ಜನರಲ್‌ನಾಗ ಮಾಡುವಾಗ ಪ್ರಿಫರ್ಡ್ ಕೋಚ್ ಅನ್ನೋ ಜಾಗದಾಗ ಎಸ್4 ಅಂತ ಹಾಕ್ರಿ. ಅದೂ ಅರ್ಜಿನೇ, ಆದ್ರ ಮುಂಚೆನೇ ಬುಕ್ ಮಾಡಿದ್ರ ಸಿಗೋ ಚಾನ್ಸ್ ಇರ್ತೈತಿ. ಹಗಲು ಪ್ರಯಾಣ ಇದ್ರ ಇಷ್ಟೆಲ್ಲಾ ತಲಿ ಕೆಡಿಸ್ಕೊಬ್ಯಾಡ್ರಿ, ಎಲ್ಲಾರ್ನೂ ಒಂದೇ ಟಿಕೆಟ್, ಅಂದ್ರ ಒಂದೇ ಪಿಎನ್‌ಆರ್‌ನಾಗ ಹಾಕಿ ಕೂಡೇ ಕುಂದ್ರೋದು ಚಲೋ. ರಾತ್ರಿದ್ದಕ್ಕ ಮಾತ್ರ ನಾನು ಒಡೆದೇ ಮಾಡ್ರಿ ಅಂತೀನಿ, ಮಧ್ಯರಾತ್ರಿ ಬಾತ್‌ರೂಮಿಗೆ ಇಳಿಯೋಕ ಮ್ಯಾಲಿನ ಬರ್ತಿನಿಂದ ಮುದುಕ್ರು ಪಡೋ ಪಾಡು ನೋಡೋಕಾಗಲ್ಲ.

ಎರಡನೇದು ರಿಸರ್ವೇಷನ್ ಚಾಯ್ಸ್. ಹೆಸರು ವಯಸ್ಸು ತುಂಬಿದಮ್ಯಾಲ ಕೆಳಗ ಹೋದ್ರ ಸಿಗ್ತೈತಿ, ಭಾಳ ಮಂದಿ ಅಲ್ಲಿಗೆ ಇಳಿಯಾದೇ ಇಲ್ಲ. ಕನಿಷ್ಠ ಒಂದು ಲೋವರ್ ಸಿಕ್ರ ಮಾತ್ರ ಬುಕ್ ಮಾಡು, ಎರಡು ಲೋವರ್ ಸಿಕ್ರ ಮಾತ್ರ ಮಾಡು, ಎಲ್ಲಾ ಬರ್ತ್ ಒಂದೇ ಕೋಚಿನ್ಯಾಗ ಇದ್ರ ಮಾತ್ರ ಮಾಡು, ಹಿಂಗ ಇರ್ತಾವು. ಕನ್ಫರ್ಮ್ ಇದ್ರ ಮಾತ್ರ ಬುಕ್ ಮಾಡು ಅಂತ ಬ್ಯಾರೆ ಟಿಕ್ ಡಬ್ಬಿನೂ ಐತಿ. ಇವು ಅರ್ಜಿ ಅಲ್ಲ, ಷರತ್ತು. ಷರತ್ತು ಕೂಡದಿದ್ರ ಟಿಕೆಟ್ ಆಗಾದೇ ಇಲ್ಲ, ಕಟ್ಟಿದ್ದ ರೊಕ್ಕ ವಾಪಸ್ ಬರ್ತೈತಿ, ಆದ್ರ ಅದು ಖಾತೆಗೆ ಬರೋ ತನಕ ಕಾಯಬೇಕು. ಅದಕ್ಕ ಎರಡು ತಿಂಗಳು ಮುಂಚೆ ಆರಾಮ್ ಕುಂತು ಮಾಡುವಾಗ ಹಾಕ್ರಿ, ಕಡೀ ಗಳಿಗ್ಯಾಗ ಮಾಡೋ ತತ್ಕಾಲ್‌ನಾಗ ಹಾಕಬ್ಯಾಡ್ರಿ. ತತ್ಕಾಲ್‌ನಾಗ ಲೋವರ್ ಷರತ್ತು ಹಾಕಿ ಪೇಮೆಂಟ್ ಮುಗಿಸೋ ಹೊತ್ತಿಗೆ ಲೋವರ್ ಖಾಲಿ ಆಗಿರ್ತೈತಿ, ಟಿಕೆಟ್ ಹಾರಿಹೋಗ್ತೈತಿ, ಮತ್ತ ಒಳಗ ಹೋಗೋದ್ರಾಗ ವೇಟಿಂಗ್ ಶುರು ಆಗಿರ್ತೈತಿ.

ಬೇಗ ಮಾಡೋದು ಅಂದ್ರ ಯಾವಾಗ? 2024ರ ನವೆಂಬರ್ 1ರಿಂದ ಮುಂಗಡ ಬುಕಿಂಗ್ 120 ದಿನದಿಂದ 60 ದಿನಕ್ಕ ಇಳಿದೈತಿ, ಬೆಳಿಗ್ಗೆ 8ಕ್ಕ ಓಪನ್. ಆಧಾರ್ ಜೋಡಿಸದ ಐಡಿಯಿಂದ ಓಪನಿಂಗ್ ಹೊತ್ತಿಗೆ ಬುಕ್ ಆಗಲ್ಲ, ಈ ನಿಯಮ 2025ರ ಅಕ್ಟೋಬರ್ 1ರಿಂದ ಬಂದೈತಿ, ತತ್ಕಾಲ್‌ಗೆ ಅದೇ ವರ್ಷ ಜುಲೈದಿಂದನೇ ಬಂದಿತ್ತು. ಗವಿಮಠದ ಜಾತ್ರಿ, ಯುಗಾದಿ, ದೀಪಾವಳಿ ಹಿಂದ ಮುಂದ ಹೋಗೋದಿದ್ರ ಇದನ್ನ ಇವತ್ತೇ ಮುಗಿಸಿ ಇಟ್ಕೊಳ್ರಿ, ಅವತ್ತಿನ ದಿನ ಓಟಿಪಿ ಕಾಯ್ಕೊಂತ ಕುಂದ್ರಬ್ಯಾಡ್ರಿ.

ತತ್ಕಾಲ್ ಎಸಿಗೆ 10 ಗಂಟೆ, ಸ್ಲೀಪರ್‌ಗೆ 11 ಗಂಟೆ, ಹಿಂದಿನ ದಿನ. ಇಲ್ಲಿ ರಾಯಚೂರಿನೋರಿಗೆ ಒಂದು ಗುನ್ನ ಐತಿ. ಹಿಂದಿನ ದಿನ ಅಂದ್ರ ನೀವು ಹತ್ತೋ ದಿನದ ಹಿಂದಿನ ದಿನ ಅಲ್ಲ, ಆ ರೈಲು ಮೊದಲನೇ ಸ್ಟೇಷನ್ ಬಿಡೋ ದಿನದ ಹಿಂದಿನ ದಿನ. ಕರ್ನಾಟಕ ಎಕ್ಸ್‌ಪ್ರೆಸ್ ದಿಲ್ಲಿ ಬಿಟ್ಟ ಮೂರನೇ ದಿನ ರಾಯಚೂರಿಗೆ ಬರ್ತೈತಿ, ಅಂದ್ರ ರಾಯಚೂರು-ಬೆಂಗಳೂರು ತತ್ಕಾಲ್ ನೀವು ಹತ್ತೋ ಮೂರು ದಿನ ಮೊದ್ಲೇ ಓಪನ್ ಆಗಿ ಮುಗಿದಿರ್ತೈತಿ. ಇದು ಗೊತ್ತಿಲ್ದೇ ಹಿಂದಿನ ದಿನ 11ಕ್ಕ ಫೋನ್ ಹಿಡ್ಕೊಂಡು ಕುಂತೋರು ಸೈಟಿಗೆ ಶಾಪ ಹಾಕ್ತಾರ.

ಸೀಟ್ ನಂಬರ್ ನೋಡಿ ಯಾವ ಬರ್ತ್ ಅಂತ ಹೇಳೋ ಲೆಕ್ಕನೂ ಕಲ್ತುಬಿಡ್ರಿ, ವಾಟ್ಸಾಪ್‌ನಾಗ ಯಾರೋ ಬರೀ ನಂಬರ್ ಕಳಿಸಿದಾಗ ಕೆಲಸಕ್ಕ ಬರ್ತೈತಿ. ಸ್ಲೀಪರ್, ಥರ್ಡ್ ಎಸಿಯಾಗ 8ರಿಂದ ಭಾಗಿಸ್ರಿ. ಶೇಷ 1 ಇಲ್ಲಾ 4 ಉಳಿದ್ರ ಲೋವರ್, 2 ಇಲ್ಲಾ 5 ಮಿಡಲ್, 3 ಇಲ್ಲಾ 6 ಅಪ್ಪರ್, 7 ಸೈಡ್ ಲೋವರ್, ಪೂರ್ತಿ ಭಾಗ ಆದ್ರ ಸೈಡ್ ಅಪ್ಪರ್. 37 ಅಂದ್ರ 5 ಉಳೀತು, ಮಿಡಲ್. ಸೆಕೆಂಡ್ ಎಸಿಯಾಗ 6ರಿಂದ ಭಾಗಿಸ್ಬೇಕು, 1, 3 ಲೋವರ್, 2, 4 ಅಪ್ಪರ್, 5 ಸೈಡ್ ಲೋವರ್, ಪೂರ್ತಿ ಭಾಗ ಆದ್ರ ಸೈಡ್ ಅಪ್ಪರ್. ಮೊದಲ ನಂಬರು, ಕಡೀ ನಂಬರು ಬಂದ್ರ ಬಾಗಲು ಬಾತ್‌ರೂಮ್ ಬಾಜೂಕ ಅಂತ ತಿಳ್ಕೊಳ್ರಿ, ರಾತ್ರಿ ಪೂರಾ ಬಾಗಲು ಬಡಿಯೋ ಸದ್ದು. ಮಿಡಲ್ ಬಂದೋರು ರಾತ್ರಿ 10ರಿಂದ ಬೆಳಿಗ್ಗೆ 6ರ ತನಕ ಅದನ್ನ ಎತ್ತಿ ಕಟ್ಕೊಂಡು ಮಲಗಬಹುದು, ಕೆಳಗಿನೋರು ಹೂಂ ಅನ್ಲೇಬೇಕು.

ವೇಟಿಂಗ್ ಲಿಸ್ಟ್ ಬಗ್ಗೆ ಸ್ವಲ್ಪ. ವೇಟಿಂಗ್ ನಂಬರಿನ ಜೋಡಿ ಜಿಎನ್ (ಜನರಲ್) ಅಂತ ಇದ್ರ ಚಲೋ, ಪಿಕ್ಯೂ (ಪೂಲ್ಡ್ ಕೋಟಾ), ಆರ್‌ಎಲ್ (ರಿಮೋಟ್ ಲೊಕೇಷನ್) ಅಂತ ಇದ್ರ ಕನ್ಫರ್ಮ್ ಆಗೋದು ತಡ, ಕೆಲವೊಮ್ಮೆ ಆಗಾದೇ ಇಲ್ಲ. ರೈಲು ಹೊರಡೋ ಊರಿನೋರಿಗೆ ಜಿಎನ್ ಸಿಗ್ತೈತಿ, ನಡುವಿನ ಸ್ಟೇಷನ್‌ನಾಗ ಹತ್ತೋ ನಮ್ಮಂಥೋರಿಗೆ ಹೆಚ್ಚಾಗಿ ಉಳಿದ ಎರಡ್ರಾಗ ಒಂದು. ಅದಕ್ಕ ಕೆಲವರು ಹಿಂದಿನ ಊರಿಂದ ಟಿಕೆಟ್ ತೆಗೆದು ಬೋರ್ಡಿಂಗ್ ಪಾಯಿಂಟ್ ಕೊಪ್ಪಳ ಅಂತ ಹಾಕ್ತಾರ. ರೊಕ್ಕ ಸ್ವಲ್ಪ ಜಾಸ್ತಿ ಹೋಗ್ತೈತಿ, ಆದ್ರ ಕಾಯ್ದೆ ಪ್ರಕಾರ ತಪ್ಪೇನಿಲ್ಲ. ಬೋರ್ಡಿಂಗ್ ಬದಲಿ ಮಾಡಿದಮ್ಯಾಲ ಹಳೇ ಸ್ಟೇಷನ್‌ನಾಗ ಹತ್ತೋ ಹಕ್ಕು ಇರಲ್ಲ ಅನ್ನೋದು ನೆನಪಿರ್ಲಿ. ಬದಲಿ ಮಾಡದಂಗ ಮುಂದಿನ ಸ್ಟೇಷನ್‌ನಾಗ ಹತ್ತಿದ್ರಂತೂ ಟಿಟಿ ನಿಮ್ಮ ಬರ್ತನ್ನ ಬ್ಯಾರೇರಿಗೆ ಕೊಟ್ಟಿರ್ತಾನ.

ಈಗ ಅಪ್‌ಗ್ರೇಡು. ಇದರ ಬಗ್ಗೆ ಇರೋ ತಪ್ಪು ತಿಳುವಳಿಕಿ ಅಷ್ಟಿಷ್ಟಲ್ಲ. ವಿಮಾನದಾಗ ರೊಕ್ಕ ಕಟ್ಟಿ ಮ್ಯಾಲಿನ ಕ್ಲಾಸಿಗೆ ಹೋದಂಗ ಇಲ್ಲಿ ಆನ್‌ಲೈನ್‌ನಾಗ ಅಪ್‌ಗ್ರೇಡ್ ಕೊಳ್ಳೋಕ ಬರಲ್ಲ. ಕನ್ಸಿಡರ್ ಫಾರ್ ಆಟೋ ಅಪ್‌ಗ್ರೇಡೇಷನ್ ಅಂತ ಇರೋ ಟಿಕ್ ಡಬ್ಬಿ ಪುಕ್ಕಟೆ ಯೋಜನೆದು, 2006ರಿಂದ ನಡೆದೈತಿ. ಕೆಲಸ ಹೆಂಗ ಅಂದ್ರ, ಚಾರ್ಟ್ (ಯಾರಿಗೆ ಯಾವ ಬರ್ತ್ ಅನ್ನೋ ಕಡೀ ಪಟ್ಟಿ) ಮಾಡುವಾಗ ಮ್ಯಾಲಿನ ಕ್ಲಾಸಿನ್ಯಾಗ ಬರ್ತ್ ಖಾಲಿ ಉಳಿದಿದ್ರ, ಕೆಳಗಿನ ಕ್ಲಾಸಿನ ಪೂರ್ತಿ ಚಾರ್ಜ್ ಕೊಟ್ಟೋರ್ನ ಕಂಪ್ಯೂಟರ್ ತಾನೇ ಆರಿಸಿ ಮ್ಯಾಲಕ್ಕ ಕಳಿಸ್ತೈತಿ, ಅವರ ಖಾಲಿ ಜಾಗ ವೇಟಿಂಗ್‌ನೋರಿಗೆ ಸಿಗ್ತೈತಿ. ಅಂದ್ರ ಇದು ನಮಗ ಮಾಡೋ ಉಪಕಾರಕ್ಕಿಂತ ವೇಟಿಂಗ್ ಕರಗಿಸೋ ದಾರಿ. ಪಾಸು, ರಿಯಾಯಿತಿ ಟಿಕೆಟ್ ಇದ್ದೋರಿಗೆ ಇಲ್ಲ. 2025ರ ಮೇ ತಿಂಗಳ ಆದೇಶದ ಪ್ರಕಾರ ಎರಡು ದರ್ಜೆ ಮ್ಯಾಲಿನ ತನಕ ಮಾತ್ರ, ಫಸ್ಟ್ ಎಸಿಗೆ ಸೆಕೆಂಡ್ ಎಸಿಯೋರು ಮಾತ್ರ ಹೋಗಬಹುದು, ಸ್ಲೀಪರ್ ತೆಗೆದು ಫಸ್ಟ್ ಎಸಿ ಕನಸು ಕಾಣಬ್ಯಾಡ್ರಿ. ಅಪ್‌ಗ್ರೇಡ್ ಆದ ಟಿಕೆಟ್ ಕ್ಯಾನ್ಸಲ್ ಮಾಡಿದ್ರ ಮೊದಲಿನ ಕ್ಲಾಸಿನ ಲೆಕ್ಕದಾಗೇ ಹಿಡ್ಕೊಂತಾರ.

ಒಬ್ರೇ ಹೋಗೋ ಹುಡುಗ್ರು ಟಿಕ್ ಹಾಕ್ರಿ, ಕಳ್ಕೊಳ್ಳೋದು ಏನಿಲ್ಲ. ಆದ್ರ ಅಪ್ಪ ಅವ್ವಗ ಕಷ್ಟಪಟ್ಟು ಲೋವರ್ ಮಾಡಿಸಿದ್ರ ದಯವಿಟ್ಟು ಟಿಕ್ ತೆಗೀರಿ! ಅಪ್‌ಗ್ರೇಡ್ ಆದ್ರ ಹೊಸ ಕೋಚಿನ್ಯಾಗ ಲೋವರೇ ಸಿಗ್ತೈತಿ ಅಂತ ಖಾತ್ರಿ ಇಲ್ಲ, ಸ್ಲೀಪರ್ ಲೋವರ್ ಬಿಟ್ಟು ಎಸಿ ಅಪ್ಪರ್‌ಗೆ ಹೋದ್ರ ಅವರಿಗೆ ಏನು ಸುಖ, ಮ್ಯಾಲ ಎಸಿ ಥಂಡಿ ಬ್ಯಾರೆ. ಎರಡು ಪಿಎನ್‌ಆರ್ ಮಾಡಿ ಒಂದೇ ಕೋಚು ಹೊಂದಿಸಿದೋರೂ ತೆಗೀರಿ. ಒಂದು ಪಿಎನ್‌ಆರ್‌ನೋರು ಎಲ್ಲಾರೂ ಕೂಡೇ ಹೋಗ್ತಾರ, ಆದ್ರ ಎರಡರಾಗ ಒಂದು ಮ್ಯಾಲಕ್ಕ ಹೋಗಿ ಇನ್ನೊಂದು ಅಲ್ಲೇ ಉಳಿದ್ರ ಬುತ್ತಿ ಗಂಟು ಒಂದು ಕಡೆ, ಉಣ್ಣೋರು ಒಂದು ಕಡೆ. ಕೌಂಟರ್‌ನಾಗ ಫಾರ್ಮ್ ತುಂಬುವಾಗ ಬ್ಯಾಡ ಅಂದ್ರ ಬ್ಯಾಡ ಅಂತ ಬರೀರಿ, ಏನೂ ಬರೀದಿದ್ರ ಬೇಕು ಅಂತಾನೇ ಹಿಡೀತಾರ. ಟಿಕ್ ಹಾಕಿದೋರು ಚಾರ್ಟ್ ಆದಮ್ಯಾಲ ಪಿಎನ್‌ಆರ್ ಮತ್ತೊಮ್ಮೆ ನೋಡ್ರಿ. ಹಳೇ ಎಸ್ಎಂಎಸ್ ನಂಬಿ ಸ್ಲೀಪರ್ ನಿಲ್ಲೋ ಕಡೆ ನಿಂತ್ರ, ರೈಲು ಬಂದಮ್ಯಾಲ ಎಸಿ ಡಬ್ಬಿ ಪ್ಲಾಟ್‌ಫಾರ್ಮಿನ ಆ ತುದೀಗೆ ಇರ್ತೈತಿ, ಕೊಪ್ಪಳದಾಗ ನಿಲ್ಲೋದು ಸ್ವಲ್ಪೇ ಹೊತ್ತು, ಚೀಲ ಹೊತ್ಕೊಂಡು ಓಡೋದು ಯಾರಿಗೆ ಬೇಕು.

ಎಸಿ ಬೇಕೇ ಬೇಕು ಅಂದ್ರ ರೈಲು ಹತ್ತಿದಮ್ಯಾಲ ಟಿಟಿನ್ನ ಕೇಳ್ರಿ, ಖಾಲಿ ಇದ್ರ ವ್ಯತ್ಯಾಸದ ರೊಕ್ಕ ತಗೊಂಡು ರಸೀದಿ ಕೊಟ್ಟು ಹಾಕ್ತಾರ.

ಚಾರ್ಟ್ ಮೊದ್ಲು 4 ತಾಸು ಮುಂಚೆ ಆಗ್ತಿತ್ತು, 2025ರಿಂದ ಇನ್ನೂ ಭಾಳ ಬೇಗನೇ ಆಗ್ತೈತಿ. ನಮಗ ಇದ್ರಿಂದ ಲಾಭಾನೇ. ಐಆರ್‌ಸಿಟಿಸಿಯೊಳಗ ಚಾರ್ಟ್ಸ್, ವೇಕೆನ್ಸಿ ಅಂತ ಒಂದು ಗುಂಡಿ ಐತಿ, ಅದಕ್ಕ ಲಾಗಿನ್ ಬೇಕಿಲ್ಲ, ರೈಲಿನ ನಂಬರ್, ತಾರೀಖು, ಹತ್ತೋ ಸ್ಟೇಷನ್ ಹಾಕಿದ್ರ ಯಾವ ಕೋಚಿನ್ಯಾಗ ಯಾವ ಬರ್ತ್ ಎಲ್ಲಿಂದ ಎಲ್ಲಿ ತನಕ ಖಾಲಿ ಐತಿ ಅಂತ ತೋರಿಸ್ತೈತಿ. ಬುಕ್ ಮಾಡುವಾಗ ಸಿಗದ ನಕ್ಷೆ ಇಲ್ಲಿ ಸಿಗ್ತೈತಿ, ತಮಾಷೆ ನೋಡ್ರಿ. ಅವ್ವಗ ಅಪ್ಪರ್ ಬಂದಿದ್ರ ಇದನ್ನ ನೋಡ್ಕೊಂಡು ಟಿಟಿ ಹತ್ರ ಹೋಗಿ, ಸರ್ ಎಸ್6ರಾಗ 28 ಬಳ್ಳಾರಿಯಿಂದ ಖಾಲಿ ತೋರಿಸ್ತೈತಿ, ಅವ್ವಗ ವಯಸ್ಸಾಗೈತಿ, ಕೊಡ್ತೀರೇನ್ರಿ ಅಂತ ನಂಬರ್ ಹಿಡಿದು ಕೇಳ್ರಿ. ಖಾಲಿ ಲೋವರ್ ಇದ್ರ ವಯಸ್ಸಾದೋರಿಗೆ, ಗರ್ಭಿಣಿಯರಿಗೆ, ಅಂಗವಿಕಲರಿಗೆ ಕೊಡೋ ಅಧಿಕಾರ ಅವರಿಗೈತಿ. ಸುಮ್ನ ಲೋವರ್ ಐತೇನ್ರಿ ಅಂದ್ರ ಇಲ್ಲ ಅನ್ನೋ ಉತ್ತರನೇ ಬರ್ತೈತಿ.

ಮಕ್ಕಳಿದ್ದೋರು ಒಂದು ಕಡೆ ಕಣ್ಣಿಡ್ರಿ. 5ರಿಂದ 11 ವರ್ಷದ ಮಗುವಿನ ಹೆಸರು ಹಾಕಿದಾಗ ಬರ್ತ್ ಬೇಕೋ ಬ್ಯಾಡೋ ಅಂತ ಕೇಳ್ತೈತಿ. ಬ್ಯಾಡ ಅಂದ್ರ ಅರ್ಧ ಚಾರ್ಜು, ಆದ್ರ ಬರ್ತೂ ಇಲ್ಲ, ಟಿಕೆಟ್‌ನಾಗ ಸೀಟ್ ನಂಬರ್ ಜಾಗದಾಗ ಎನ್‌ಒಎಸ್‌ಬಿ ಅಂತ ಬರ್ತೈತಿ. ಹತ್ತು ವರ್ಷದ ಹುಡುಗನ ಜೋಡಿ ಒಂದೇ ಬರ್ತಿನ್ಯಾಗ ಬೆಂಗಳೂರು ತನಕ ಮಲಗೋದು ಆಗದ ಮಾತು, ಪೂರ್ತಿ ಕೊಟ್ಟು ತಗೋರಿ.

ರಾಯಚೂರಿನೋರು ಕಲಬುರಗಿ-ಬೆಂಗಳೂರು ವಂದೇ ಭಾರತ್‌ಗೆ ಮಾಡೋದಿದ್ರ, ಅದು 2024ರ ಮಾರ್ಚ್‌ನಾಗ ಶುರು ಆಗಿದ್ದು, ಬರ್ತಿನ ಗೋಳಿಲ್ಲ, ಎಲ್ಲಾ ಕುಂದ್ರೋ ಸೀಟು. ಆರಿಸೋಕ ಇರೋದು ಕಿಟಕಿ ಬೇಕು ಅನ್ನೋದೊಂದೇ, ಅದೂ ಅರ್ಜಿನೇ. ಚೇರ್ ಕಾರಿನ್ಯಾಗ ಒಂದು ಕಡೆ ಮೂರು ಒಂದು ಕಡೆ ಎರಡು, ಹಂಗಾಗಿ ಒಬ್ರೇ ಹೋದ್ರ ನಡುವಿನ ಸೀಟು ಬೀಳೋ ಸಂಭವ ಐತಿ, ಇಬ್ಬರದ್ದು ಒಂದೇ ಟಿಕೆಟ್ ಮಾಡಿದ್ರ ಬಾಜೂಕ ಬಾಜೂಕ ಕುಂದ್ರೋ ಚಾನ್ಸ್ ಜಾಸ್ತಿ. ಎಕ್ಸಿಕ್ಯೂಟಿವ್‌ನಾಗ ಎರಡು-ಎರಡು, ಸೀಟು ತಿರುಗ್ತಾವು, ರೇಟೂ ಹಂಗೇ ತಿರುಗ್ತೈತಿ. ಚೇರ್ ಕಾರಿನ ಸೀಟು ತಿರುಗಲ್ಲ, ಹಿಂದಕ್ಕ ಮುಖ ಮಾಡಿ ಕುಂತ್ರ ತಲಿ ತಿರುಗೋರು ಶುಂಠಿ ಪೆಪ್ಪರಮಿಂಟು ಇಟ್ಕೊಂಡು ಹತ್ರಿ.